ಸಾಯಲೆಂದೇ ಬರುವ ಕಾವಲುಗಾರರ ಕಥೆ

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ಹಾಸ್ಯ ಕಾದಂಬರಿಗಳನ್ನು ಓದಿದ ನಾಲ್ಕು ಜನ ಒಂದೆಡೆ ಸೇರಿದರೆ ಮೊದಲು ಏಳುವ ಜಗಳ ಒಂದೇ: ಹೊಸಬರು ಯಾವ ಪುಸ್ತಕದಿಂದ ಓದಲು ಶುರುಮಾಡಬೇಕು? ಇರುವುದು 41 ಕಾದಂಬರಿಗಳು. ಮೊದಲನೆಯದು 1983ರಲ್ಲಿ ಬಂತು. ಕೊನೆಯದು ಬಂದದ್ದು 2015ರಲ್ಲಿ, ಲೇಖಕರು ತೀರಿಕೊಂಡ ಕೆಲವು ತಿಂಗಳಿಗೆ. ಬಂದ ಕ್ರಮದಲ್ಲೇ ಓದಬೇಕು ಎನ್ನುವವರದು ಒಂದು ಪಕ್ಷ. ಮಾಟಗಾತಿಯರ ಕಥೆಗಳದು ಒಂದು ಸಾಲು, ನಗರದ ಕಾವಲುಪಡೆಯದು ಇನ್ನೊಂದು ಸಾಲು, ಬೇಕಾದ ಸಾಲನ್ನು ಹಿಡಿದು ಹೋಗಿ ಎನ್ನುವವರದು ಇನ್ನೊಂದು ಪಕ್ಷ. ನಾನು ಎರಡನೆಯ ಪಕ್ಷದಲ್ಲಿ ಗಟ್ಟಿಯಾಗಿ ನಿಂತವನು. ಈ ಸರಣಿಯ ನಗು ಹುಟ್ಟಿದಾಗ ಒಂದು ಬಗೆಯದು, ಬೆಳೆದ ಮೇಲೆ ಬೇರೆಯೇ ಬಗೆಯದು. ಬೆಳೆದ ನಗುವನ್ನು ಮೊದಲು ಕಂಡವರು ಮತ್ತೆ ಇದನ್ನು ಬಿಡುವುದಿಲ್ಲ.

ಈ ಕಾದಂಬರಿಗಳ ಲೋಕ ಚಪ್ಪಟೆ. ಅದನ್ನು ನಾಲ್ಕು ಆನೆಗಳು ಹೊತ್ತಿವೆ. ಆನೆಗಳು ನಿಂತಿರುವುದು ಆಕಾಶದಲ್ಲಿ ಈಜುತ್ತಿರುವ ಒಂದು ಮಹಾ ಆಮೆಯ ಬೆನ್ನಿನ ಮೇಲೆ. ದಿಗ್ಗಜಗಳ, ಕೂರ್ಮಾವತಾರದ ಕಥೆ ಕೇಳಿದ ನಮಗೆ ಈ ಚಿತ್ರ ಹೊಸತಲ್ಲ. ಹೊಸತಾಗಿರುವುದು ಪ್ರ್ಯಾಚೆಟ್ ಅದರ ಬಗ್ಗೆ ಕೇಳುವ ಪ್ರಶ್ನೆಗಳು. ಆಮೆ ಎಲ್ಲಿಗೆ ಹೊರಟಿದೆ? ಅದು ಗಂಡೋ ಹೆಣ್ಣೋ? ಇದನ್ನು ತಿಳಿಯಲೇಬೇಕೆಂದು ಅಲ್ಲಿನ ವಿದ್ವಾಂಸರು ಲೋಕದ ಅಂಚಿನಿಂದಾಚೆಗೆ ವೀಕ್ಷಕರನ್ನು ಇಳಿಸಲು ಹೊರಡುತ್ತಾರೆ. ಅಸಂಭವವಾದ ಒಂದು ಮಾತನ್ನು ಒಪ್ಪಿಕೊಂಡ ಮೇಲೆ ಅದರ ಬೆನ್ನು ಹಿಡಿದು ಕೊನೆಯವರೆಗೂ ಹೋಗುವುದು, ದಾರಿಯಲ್ಲಿ ಎಲ್ಲೂ ತರ್ಕ ತಪ್ಪದಿರುವುದು, ಇದೇ ಅವರ ಹಾಸ್ಯದ ಮೂಲ.

ಆದರೆ ಮೊದಲ ಎರಡು ಪುಸ್ತಕಗಳಲ್ಲಿ ಆ ತರ್ಕವೆಲ್ಲ ಬೇರೆ ಪುಸ್ತಕಗಳನ್ನು ಅಣಕಿಸುವುದಕ್ಕೇ ಖರ್ಚಾಗುತ್ತದೆ. ಒಂದು ಮಂತ್ರವನ್ನೂ ನೆಟ್ಟಗೆ ಹೇಳಲಾಗದ ಮಂತ್ರವಾದಿ ರಿನ್ಸ್‌ವಿಂಡ್, ಎಲ್ಲವನ್ನೂ ಕಣ್ಣರಳಿಸಿ ನೋಡುವ ಒಬ್ಬ ಪ್ರವಾಸಿಗ, ಪುಟ್ಟ ಕಾಲುಗಳ ಮೇಲೆ ಅವನ ಹಿಂದೆಯೇ ಓಡುವ ಪೆಟ್ಟಿಗೆ. ನಗು ಬರುವುದು ನಿಜ. ಆದರೆ ಆ ಕಾಲದ ಖಡ್ಗವೀರರ ಕಥೆಗಳನ್ನು ಓದದವರಿಗೆ ಅದರಲ್ಲಿ ಅರ್ಧ ದಕ್ಕುವುದಿಲ್ಲ.

ತಿರುವು ಇರುವುದು, ನನ್ನ ಮಟ್ಟಿಗೆ, 1989ರ ‘ಗಾರ್ಡ್ಸ್! ಗಾರ್ಡ್ಸ್!’ ಕಾದಂಬರಿಯ ಅರ್ಪಣೆಯ ಪುಟದಲ್ಲಿ. ವೀರಗಾಥೆಗಳಲ್ಲಿ ಅರಮನೆಯ ಕಾವಲುಗಾರರು ಬರುವುದು ಯಾತಕ್ಕೆ? ಕೋಣೆಯೊಳಗೆ ನುಗ್ಗುವುದಕ್ಕೆ, ನಾಯಕನ ಮೇಲೆ ಒಬ್ಬೊಬ್ಬರಾಗಿ ಬೀಳುವುದಕ್ಕೆ, ಸಾಯುವುದಕ್ಕೆ. ನಿಮಗೆ ಇದು ಇಷ್ಟವೇ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಪ್ರ್ಯಾಚೆಟ್ ಪುಸ್ತಕವನ್ನು ಅವರಿಗೇ ಅರ್ಪಿಸಿದರು. ಅಲ್ಲಿಂದ ಮುಂದೆ ನಗುವಿಗೆ ಒಂದು ಪಕ್ಷ ಸಿಕ್ಕಿತು. ಯಾರ ಹೆಸರನ್ನೂ ಯಾರೂ ಕೇಳುವುದಿಲ್ಲವೋ ಅವರ ಪಕ್ಷ.

ಅಂಕ್-ಮಾರ್‌ಪಾರ್ಕ್ ಎಂಬ ಕೊಳಕು ಮಹಾನಗರದ ರಾತ್ರಿ ಪಹರೆಯ ಕ್ಯಾಪ್ಟನ್ ಸ್ಯಾಮ್ ವೈಮ್ಸ್. ಕುಡುಕ, ಹತಾಶ. ಆ ನಗರದಲ್ಲಿ ಕಳ್ಳತನಕ್ಕೂ ಪರವಾನಗಿ ಉಂಟು. ಅಪರಾಧ ಹೇಗೂ ನಡೆಯುತ್ತದೆ, ಲೆಕ್ಕಾಚಾರದಲ್ಲಿ ನಡೆಯಲಿ ಎಂದು ಆಳುವವನು ಕಳ್ಳರ ಸಂಘವನ್ನೇ ಮಾನ್ಯ ಮಾಡಿದ್ದಾನೆ. ಕಳ್ಳ ದೋಚಿದ ಮೇಲೆ ರಸೀದಿ ಕೊಟ್ಟು ಹೋಗುತ್ತಾನೆ. ಇಂಥಲ್ಲಿಗೆ ಕ್ಯಾರಟ್ ಎಂಬ ತರುಣ ಕಾನೂನಿನ ಪುಸ್ತಕವನ್ನು ಪೂರ್ತಿ ಓದಿಕೊಂಡು, ಅದನ್ನು ಪೂರ್ತಿ ನಂಬಿಕೊಂಡು ಬರುತ್ತಾನೆ. ಬಂದವನು ಕಳ್ಳತನದ ಆರೋಪದ ಮೇಲೆ ಕಳ್ಳರ ಸಂಘದ ಅಧ್ಯಕ್ಷನನ್ನೇ ಬಂಧಿಸುತ್ತಾನೆ. ಆ ಪ್ರಸಂಗದಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಆದರೆ ನಗುತ್ತಿರುವುದು ಕ್ಯಾರಟ್‌ನ ಪ್ರಾಮಾಣಿಕತೆಯನ್ನು ಕಂಡಲ್ಲ, ಅದನ್ನು ಕಂಡು ನಗರ ಕಕ್ಕಾಬಿಕ್ಕಿಯಾದದ್ದನ್ನು ಕಂಡು. ವೈಮ್ಸ್ ಮತ್ತೆ ಮನುಷ್ಯನಾಗಲು ಶುರುವಾಗುವುದೂ ಅಲ್ಲಿಂದಲೇ.

1993ರ ‘ಮೆನ್ ಅಟ್ ಆರ್ಮ್ಸ್’ನಲ್ಲಿ ಇದೇ ವೈಮ್ಸ್ ನಗರದ ಅತಿ ಶ್ರೀಮಂತ ಹೆಣ್ಣನ್ನು ಮದುವೆಯಾಗಲು ಹೊರಟಿದ್ದಾನೆ. ಶ್ರೀಮಂತರು ಶ್ರೀಮಂತರಾಗಿಯೇ ಉಳಿಯುವುದು ಹೇಗೆಂದು ಅವನು ಯೋಚಿಸುತ್ತಾನೆ. ತಿಂಗಳಿಗೆ ಅವನ ಸಂಬಳ 38 ಡಾಲರ್. ಒಳ್ಳೆಯ ಚರ್ಮದ ಬೂಟಿಗೆ 50 ಡಾಲರ್, ಅದು ವರ್ಷಗಟ್ಟಲೆ ಬಾಳುತ್ತದೆ. ಬಡವನ ಕೈಗೆಟುಕುವ ಬೂಟಿಗೆ 10 ಡಾಲರ್, ಒಂದೆರಡು ಋತು ಕಳೆಯುವಷ್ಟರಲ್ಲಿ ಅದು ಸೋರತೊಡಗುತ್ತದೆ. ಒಳ್ಳೆಯ ಬೂಟು ಬಾಳುವಷ್ಟು ಕಾಲದಲ್ಲಿ ಬಡವ 100 ಡಾಲರ್ ಸುರಿದಿರುತ್ತಾನೆ, ಕಾಲು ಮಾತ್ರ ಒದ್ದೆಯಾಗಿಯೇ ಇರುತ್ತದೆ. ಓದುಗರು ಸೇರಿದಲ್ಲೆಲ್ಲ ಈ ಬೂಟಿನ ಮಾತು ಬಂದೇ ಬರುತ್ತದೆ. ಬಡತನ ತಾನೇ ಎಷ್ಟು ದುಬಾರಿ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಬೇರೆ ಕಥೆಗಾರರನ್ನು ನಾನು ಓದಿಲ್ಲ. ಇದನ್ನು ಹೇಳುತ್ತಿರುವವನು ಅರ್ಥಶಾಸ್ತ್ರಜ್ಞನಲ್ಲ, ತೆಳುವಾದ ಅಟ್ಟೆಯ ಮೂಲಕ ರಾತ್ರಿಯಲ್ಲೂ ಇದು ಯಾವ ಬೀದಿ ಎಂದು ಕಾಲಿನಿಂದಲೇ ಗುರುತು ಹಿಡಿಯಬಲ್ಲ ಕಾವಲುಗಾರ.

ಇನ್ನು ಮೃತ್ಯು. ಕುಡುಗೋಲು ಹಿಡಿದ ಅಸ್ಥಿಪಂಜರ, ಏರಲು ಬಿಳಿ ಕುದುರೆ, ಆ ಕುದುರೆಯ ಹೆಸರು ಬಿಂಕಿ. ಅವನ ಮಾತುಗಳು ಉದ್ಧರಣ ಚಿಹ್ನೆಯಿಲ್ಲದೆ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತವೆ. ನಾವು ಸೇರಿದಾಗ ಯಾರಾದರೂ ಆ ಸಾಲುಗಳನ್ನು ಗಟ್ಟಿಯಾಗಿ ಓದಿದರೆ, ಅವನ ದನಿ ಹಾಗಲ್ಲ ಎಂದು ಇನ್ನೊಬ್ಬರು ತಿದ್ದದೆ ಇರುವುದಿಲ್ಲ. ಅವನಿಗೆ ಬೆಕ್ಕುಗಳೆಂದರೆ ಪ್ರೀತಿ, ಮನುಷ್ಯರೆಂದರೆ ತೀರದ ಕುತೂಹಲ. 1991ರ ‘ರೀಪರ್ ಮ್ಯಾನ್’ನಲ್ಲಿ ಅವನನ್ನು ಕೆಲಸದಿಂದ ಬಿಡಿಸಲಾಗುತ್ತದೆ. ಅವನು ಒಬ್ಬ ವೃದ್ಧೆಯ ಹೊಲದಲ್ಲಿ ಕೂಲಿಗೆ ಸೇರಿ, ಹುಲ್ಲನ್ನು ಒಂದೊಂದೇ ಎಸಳಾಗಿ ಕೊಯ್ಯುತ್ತಾನೆ. ತನಗೂ ಈಗ ಸಮಯವಿದೆ, ಅದು ಮುಗಿಯುತ್ತಲೂ ಇದೆ ಎಂದು ಅವನಿಗೆ ತಿಳಿಯುತ್ತದೆ. ಕೊಯ್ಯುವವನಿಗೆ ಪೈರಿನ ಮೇಲೆ ಅಕ್ಕರೆ ಇರದಿದ್ದರೆ ಪೈರಿಗೆ ಇನ್ನಾವ ಆಸರೆ ಎಂಬ ಪ್ರಶ್ನೆಯನ್ನು ಆ ಪುಸ್ತಕ ಕೇಳುತ್ತದೆ. ಹಾಸ್ಯ ಕಾದಂಬರಿಯಲ್ಲಿ ಈ ಪ್ರಶ್ನೆ ಎದುರಾಗುತ್ತದೆಂದು ಯಾರೂ ಎಣಿಸಿರುವುದಿಲ್ಲ. ಅದಕ್ಕೇ ಅದು ನೇರವಾಗಿ ನಾಟುತ್ತದೆ.

ಸ್ನೇಹಿತರಲ್ಲಿ ಕೆಲವರ ಆಕ್ಷೇಪವೊಂದಿದೆ: ಕೊನೆಯ ಪುಸ್ತಕಗಳಲ್ಲಿ ಉಪದೇಶ ಹೆಚ್ಚು, ಹಿಂದೆ ಒಂದು ನೋಟದಲ್ಲಿ ಮುಗಿಯುತ್ತಿದ್ದುದಕ್ಕೆ ಪಾತ್ರಗಳು ಭಾಷಣ ಮಾಡುತ್ತವೆ. 2013ರ ‘ರೈಸಿಂಗ್ ಸ್ಟೀಮ್’ ಬಗ್ಗೆ ಈ ಮಾತು ನಿಜವೆಂದು ನನಗೂ ಅನ್ನಿಸುತ್ತದೆ. ಅಲ್ಝೈಮರ್ ಕಾಯಿಲೆಯ ಅಪರೂಪದ ಒಂದು ಬಗೆ ತಮಗಿದೆಯೆಂದು ಪ್ರ್ಯಾಚೆಟ್ 2007ರಲ್ಲೇ ಹೇಳಿದ್ದರು. ಟೈಪ್ ಮಾಡಲಾಗದೆ ಹೋದ ಮೇಲೆ ಬಾಯಲ್ಲಿ ಹೇಳಿ ಬರೆಸಿದರು. ಹೇಳಬೇಕಾದ್ದು ಬಹಳವಿದೆ, ಸಮಯವಿಲ್ಲ ಎಂಬ ಆತುರ ಆ ಪುಟಗಳಲ್ಲಿ ಕೇಳಿಸುತ್ತದೆ. ಅವು ಸಡಿಲವಾಗಿವೆ, ಆದರೆ ಅವನ್ನು ಸರಣಿಯಿಂದ ಹೊರಗಿಡಲು ನಾನು ಒಪ್ಪುವುದಿಲ್ಲ.

ಮುಗಿಸದೆ ಬಿಟ್ಟ ಬರಹಗಳಿದ್ದ ಹಾರ್ಡ್ ಡ್ರೈವ್ ಅನ್ನು 2017ರಲ್ಲಿ, ಇಂಗ್ಲೆಂಡಿನ ಡಾರ್ಸೆಟ್‌ನ ಉಗಿಯಂತ್ರಗಳ ಮೇಳದ ಸಂದರ್ಭದಲ್ಲಿ, ರಸ್ತೆ ಸಮ ಮಾಡುವ ಉಗಿ ರೋಲರ್ ಕೆಳಗೆ ಹಾಕಿ ಪುಡಿಮಾಡಿದರು. ಅದು ಪ್ರ್ಯಾಚೆಟ್ ಅವರದೇ ಇಚ್ಛೆ. ಓದುಗರಿಗೆ ಇದು ನಷ್ಟವೆಂದು ವಾದಿಸುವವರು ಇಂದಿಗೂ ಇದ್ದಾರೆ. ನಷ್ಟವೇ ಸರಿ. ಆದರೆ ಪ್ರ್ಯಾಚೆಟ್ ಬರೆಯುತ್ತ, ಅಳಿಸುತ್ತ, ತಿದ್ದುತ್ತ ಸಾಲನ್ನು ಹದಕ್ಕೆ ತರುತ್ತಿದ್ದವರು. ಹದಕ್ಕೆ ಬರದ ಸಾಲುಗಳನ್ನು ಬೇರೊಬ್ಬರು ಪೂರೈಸಿ ಅವರ ಹೆಸರಿನಲ್ಲಿ ಮಾರುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಮೊದಲ ಜಗಳಕ್ಕೆ ನನ್ನ ಉತ್ತರ ಹೀಗಿದೆ. ಕಾವಲುಪಡೆಯ ದಾರಿ ಬೇಕೆನ್ನುವವರು ‘ಗಾರ್ಡ್ಸ್! ಗಾರ್ಡ್ಸ್!’ ಹಿಡಿಯಿರಿ. ಒಂದೇ ಪುಸ್ತಕ ಓದಿ ನೋಡುತ್ತೇನೆ ಎನ್ನುವವರಿಗೆ 1992ರ ‘ಸ್ಮಾಲ್ ಗಾಡ್ಸ್’. ಅದರಲ್ಲಿ ಮಹಾದೇವರೊಬ್ಬ ಸಣ್ಣ ಆಮೆಯಾಗಿ ಸಿಕ್ಕಿಬಿದ್ದಿದ್ದಾನೆ. ಪೂಜಿಸುವವರು ಲಕ್ಷಾಂತರ, ನಿಜವಾಗಿ ನಂಬುವವನು ಮಾತ್ರ ಬ್ರೂಥಾ ಎಂಬ ಹುಡುಗನೊಬ್ಬನೇ. ಲೋಕ ಗುಂಡಗಿದೆ ಎಂದು ಅಲ್ಲಿನ ಧರ್ಮಪೀಠ ಸಾರುತ್ತದೆ. ಅಲ್ಲ, ಅದು ಆಮೆಯ ಬೆನ್ನ ಮೇಲಿದೆ ಎಂದವರಿಗೆ ಚಿತ್ರಹಿಂಸೆ. ಅಧ್ಯಾಯಗಳೆಂಬ ವಿಭಾಗವಿಲ್ಲ, ಆದ್ದರಿಂದ ಕೆಳಗಿಡಲು ಎಡೆ ಸಿಗುವುದಿಲ್ಲ. ರಜೆಯ ದಿನದ ಬೆಳಿಗ್ಗೆಯೇ ಶುರುಮಾಡಿ.

ನಮಸ್ಕಾರ.