ಅಂಕದ ಹಾಳೆ ನೋಡಿ ಕಟ್ಟಿದ ಕ್ರಾಲರ್

ನಮಸ್ಕಾರ. ಮೇಜಿನ ಮೇಲೆ ಹರಡಿರುವ ಈ ಸಾಮಾನೆಲ್ಲ ಸೇರಿ ಒಂದು ಆರ್‌ಸಿ ರಾಕ್ ಕ್ರಾಲರ್ ಆಗಬೇಕು, ಅಂದರೆ ರಿಮೋಟ್‌ನಿಂದ ಓಡಿಸುವ, ಬಂಡೆ ಹತ್ತುವ ಪುಟ್ಟ ಗಾಡಿ. ಅಳತೆ 1/10 ಸ್ಕೇಲ್, ಚಕ್ರ 1.9 ಇಂಚು. ಡಬ್ಬಿಯಿಂದ ತೆಗೆದು ಓಡಿಸುವ ರೆಡಿಮೇಡ್ ಗಾಡಿ ಅಲ್ಲ. ಸ್ಪರ್ಧೆಗೆ ಅಂತಲೇ ಒಂದೊಂದು ಭಾಗ ಆರಿಸಿ ಜೋಡಿಸುತ್ತಿರುವ ಗಾಡಿ.

ಬಿಲ್ಡ್ ವಿಡಿಯೋ ಅಂದರೆ ಸಾಮಾನ್ಯವಾಗಿ ಮೋಟರ್‌ನಿಂದ ಶುರು ಮಾಡುತ್ತಾರೆ. ನಾನು ಈ ಹಾಳೆಯಿಂದ ಶುರು ಮಾಡುತ್ತೇನೆ. ಇದು ಸ್ಪರ್ಧೆಯ ಅಂಕದ ಹಾಳೆ. ಬಂಡೆಗಳ ಮಧ್ಯೆ ಜೋಡಿ ಗುರುತುಗಳನ್ನು ನಿಲ್ಲಿಸಿರುತ್ತಾರೆ, ಅದಕ್ಕೆ ಗೇಟ್ ಅನ್ನುತ್ತೇವೆ. ಅವುಗಳ ನಡುವೆ ಕ್ರಮವಾಗಿ ಹಾದು ಹೋಗಬೇಕು. ಇಲ್ಲಿ ಅಂಕ ಜಾಸ್ತಿ ಆದವನು ಸೋಲುತ್ತಾನೆ, ಕಮ್ಮಿ ಇದ್ದವನು ಗೆಲ್ಲುತ್ತಾನೆ. ನಾನು ಆಡುವ ನಿಯಮದಲ್ಲಿ ರಿವರ್ಸ್ ಹಾಕಿದರೆ ಒಂದು ಅಂಕ, ಗೇಟ್ ಮುಟ್ಟಿದರೆ ಹತ್ತು. ಗಾಡಿ ಮಗುಚಿ ಕೈಯಿಂದ ಎತ್ತಿ ನಿಲ್ಲಿಸಿದರೆ ಅದಕ್ಕೂ ದಂಡ. ಮೇಲೆ ಗಡಿಯಾರ ಬೇರೆ ಓಡುತ್ತಿರುತ್ತದೆ.

ಈಗ ಇದೇ ಹಾಳೆಯನ್ನು ತಿರುಗಿಸಿ ಓದಿ. ರಿವರ್ಸ್ ಬೇಡ ಅಂದರೆ ಒಂದೇ ಸಲಕ್ಕೆ ತಿರುಗಬೇಕು. ಗೇಟ್ ಮುಟ್ಟಬಾರದು ಅಂದರೆ ಚಕ್ರ ಎಲ್ಲಿಟ್ಟೆವೋ ಅಲ್ಲೇ ನಿಲ್ಲಬೇಕು, ಜಾರಬಾರದು. ಮಗುಚಬಾರದು ಅಂದರೆ ತೂಕ ಕೆಳಗಿರಬೇಕು. ವೇಗಕ್ಕೆ ಈ ಹಾಳೆಯಲ್ಲಿ ಒಂದು ಅಂಕವೂ ಇಲ್ಲ, ನೋಡಿ. ಹಾಗಾಗಿ ಯಾವ ಭಾಗ ಕೈಗೆ ತೆಗೆದುಕೊಂಡರೂ ನನ್ನ ಪ್ರಶ್ನೆ ಒಂದೇ: ಇದು ಹಾಳೆಯ ಯಾವ ಸಾಲನ್ನು ಉಳಿಸುತ್ತದೆ?

ಮೊದಲು ಚಾಸಿ. ಎರಡು ಕಾರ್ಬನ್ ಫೈಬರ್ ಪಟ್ಟಿ, ನಡುವೆ ಸ್ಕಿಡ್ ಪ್ಲೇಟ್ ಅಂದರೆ ಹೊಟ್ಟೆಯ ಕೆಳಗಿನ ತಟ್ಟೆ, ಅದರ ಮೇಲೆ ಗೇರ್‌ಬಾಕ್ಸ್. ಸಾಮಾನ್ಯ ಟ್ರೇಲ್ ಗಾಡಿಯ ಚಾಸಿ ಎತ್ತರಕ್ಕಿರುತ್ತದೆ, ಬ್ಯಾಟರಿ ಅದರ ತಲೆಯ ಮೇಲೆ ಕೂತಿರುತ್ತದೆ. ಪಕ್ಕಕ್ಕೆ ವಾಲಿದ ಬಂಡೆಯ ಮೇಲೆ ಹೋದರೆ ಆ ಬ್ಯಾಟರಿಯೇ ಗಾಡಿಯನ್ನು ಕೆಡವುತ್ತದೆ. ಇಲ್ಲಿ ಪಟ್ಟಿಗಳು ಕೆಳಗಿವೆ. ಬ್ಯಾಟರಿ ಮುಂದಿನ ಆಕ್ಸಲ್‌ಗೆ ಅಂಟಿಕೊಂಡ ಹಾಗೆ ಅಡ್ಡಡ್ಡ ಮಲಗುತ್ತದೆ. ಸ್ಕಿಡ್ ಪ್ಲೇಟ್ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ನದು, ತಳ ಪೂರ್ತಿ ನುಣುಪು. ಸ್ಕ್ರೂ ತಲೆಗಳೆಲ್ಲ ಒಳಕ್ಕೆ ಕೂತಿವೆ. ಒಂದು ಸ್ಕ್ರೂ ತಲೆ ಹೊರಗೆ ಚಾಚಿದ್ದರೂ ಬಂಡೆಯ ಅಂಚು ಅದನ್ನೇ ಹಿಡಿದುಕೊಳ್ಳುತ್ತದೆ. ಆಮೇಲೆ ರಿವರ್ಸ್ ಹಾಕದೆ ಗತಿಯಿಲ್ಲ.

ಆಕ್ಸಲ್‌ಗಳನ್ನು ಚಾಸಿಗೆ ಕಟ್ಟುವುದು ಈ ಲಿಂಕ್‌ಗಳು. ಹಿಂದೆ ನಾಲ್ಕು. ಮುಂದೆ ಮೂರು, ಜೊತೆಗೆ ಒಂದು ಪ್ಯಾನ್‌ಹಾರ್ಡ್ ರಾಡ್, ಅಂದರೆ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಅಡ್ಡ ಕಡ್ಡಿ. ಕೆಳಗಿನ ಲಿಂಕ್‌ಗಳು ಮಧ್ಯದಲ್ಲಿ ಮೇಲಕ್ಕೆ ಬಾಗಿರುವುದು ಕಾಣುತ್ತಿದೆ ಅಲ್ವಾ? ಬಂಡೆಯ ಮೂಗು ಹೊಟ್ಟೆಯ ಕೆಳಗೆ ಬಂದಾಗ ಜಾಗ ಸಿಗಲಿ ಅಂತ. ಮೇಲಿನ ಲಿಂಕ್ ಕೂರುವ ಜಾಗದಲ್ಲಿ ಒಂದರ ಮೇಲೊಂದು ತೂತುಗಳಿವೆ. ಮೂರು ಮಿಲಿಮೀಟರ್ ಮೇಲೆ ಕೆಳಗೆ ಮಾಡಿದರೂ ಗಾಡಿಯ ಗುಣ ಬದಲಾಗುತ್ತದೆ. ಥ್ರಾಟಲ್ ಕೊಟ್ಟಾಗ ಹಿಂಭಾಗ ಕುಸಿಯದಂತೆ ತಡೆಯುವ ಗುಣಕ್ಕೆ ಆಂಟಿ ಸ್ಕ್ವಾಟ್ ಅನ್ನುತ್ತೇವೆ. ಅದು ಜಾಸ್ತಿ ಇದ್ದರೆ ಥ್ರಾಟಲ್ ಕೊಟ್ಟ ಕೂಡಲೇ ಹಿಂಭಾಗ ಎದ್ದು ನಿಲ್ಲುತ್ತದೆ. ಕಮ್ಮಿ ಇದ್ದರೆ ಹಿಂಭಾಗ ಕುಸಿದು ಮೂಗು ಆಕಾಶ ನೋಡುತ್ತದೆ. ಕಡಿದಾದ ಏರಿನಲ್ಲಿ ಎರಡೂ ಕೆಟ್ಟದ್ದೇ. ಸದ್ಯಕ್ಕೆ ನಡುವಿನ ತೂತು.

ಶಾಕ್‌ಗಳ ಬಗ್ಗೆ ಜಾಸ್ತಿ ಹೇಳಲ್ಲ. ಡ್ರೂಪ್ ಸೆಟಪ್. ಗಾಡಿ ಸುಮ್ನೆ ನಿಂತಾಗ ಶಾಕ್ ಬಹುಪಾಲು ಒಳಕ್ಕೆ ಕೂತಿರುತ್ತದೆ, ಅದರ ಚಲನೆಯಲ್ಲಿ ಮೂರರಲ್ಲಿ ಎರಡು ಪಾಲು ಕೆಳಕ್ಕೇ ಉಳಿದಿರುತ್ತದೆ. ಗುಂಡಿ ಬಂದರೆ ಚಕ್ರ ಇಳಿಯುತ್ತದೆ, ಮೈ ಮಾತ್ರ ಏಳುವುದಿಲ್ಲ.

ಈಗ ಆಕ್ಸಲ್. ಇದಕ್ಕೆ ಸ್ವಲ್ಪ ಸಮಯ ಕೊಡೋಣ. ಇವು ಪೋರ್ಟಲ್ ಆಕ್ಸಲ್‌ಗಳು. ದೊಡ್ಡ ಗಾಡಿಗಳಲ್ಲಿ ಯೂನಿಮಾಗ್ ಟ್ರಕ್‌ಗೆ ಇರುವಂಥದ್ದು. ಆರ್‌ಸಿ ಕ್ರಾಲರ್‌ಗಳಲ್ಲಿ 2017ರಲ್ಲಿ ಟ್ರಾಕ್ಸಸ್ ಟಿಆರ್‌ಎಕ್ಸ್-4 ಬಂದ ಮೇಲೆ ಎಲ್ಲರ ಬಾಯಲ್ಲೂ ಇದೇ ಮಾತು. ಸಾಮಾನ್ಯ ಆಕ್ಸಲ್‌ನಲ್ಲಿ ಕೊಳವೆ ಚಕ್ರದ ನಡುಮಧ್ಯಕ್ಕೆ ಬರುತ್ತದೆ. ಪೋರ್ಟಲ್‌ನಲ್ಲಿ ಚಕ್ರದ ಪಕ್ಕ ಒಂದು ಪುಟ್ಟ ಗೇರ್ ಡಬ್ಬಿ ಇರುತ್ತದೆ, ಅಷ್ಟರಮಟ್ಟಿಗೆ ಕೊಳವೆ ಮೇಲಕ್ಕೆ ಹೋಗುತ್ತದೆ. ಡಿಫ್ ಅಂದರೆ ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರ್, ಆಕ್ಸಲ್‌ನಲ್ಲಿರುವ ಅದರ ಗುಡ್ಡೆ ಬಂಡೆಗೆ ತಾಗುವುದು ಕಮ್ಮಿ. ಇದು ಎಲ್ಲರಿಗೂ ಗೊತ್ತಿರುವ ಲಾಭ.

ನನಗೆ ಪೋರ್ಟಲ್ ಬೇಕಾಗಿದ್ದು ಇನ್ನೊಂದು ಕಾರಣಕ್ಕೆ. ಅದನ್ನು ತೋರಿಸುತ್ತೇನೆ. ಇದು ನನ್ನ ಹಳೆಯ ಗಾಡಿ, ನೇರ ಆಕ್ಸಲ್‌ನದು. ಮುಂದಿನ ಚಕ್ರಗಳನ್ನು ಈ ಇಟ್ಟಿಗೆಗೆ ಒತ್ತಿ ನಿಲ್ಲಿಸಿದ್ದೇನೆ. ನಿಧಾನವಾಗಿ ಥ್ರಾಟಲ್ ಕೊಡುತ್ತೇನೆ. ಮೈ ಒಂದು ಪಕ್ಕಕ್ಕೆ ತಿರುಚಿಕೊಂಡಿತು, ಕಂಡಿತಾ? ಒಂದು ಭುಜ ತಗ್ಗಿತು, ಇನ್ನೊಂದು ಪಕ್ಕದ ಮುಂದಿನ ಚಕ್ರ ಹಗುರಾಯಿತು. ಅದರ ಕೆಳಗೆ ಕಾಗದ ತೂರಿಸಿದರೆ ಸಲೀಸಾಗಿ ಹೋಗುತ್ತದೆ. ಟಾರ್ಕ್ ಅಂದರೆ ತಿರುಗಿಸುವ ಬಲ, ಇದೇ ಟಾರ್ಕ್ ಟ್ವಿಸ್ಟ್. ಗೇರ್‌ಬಾಕ್ಸ್‌ನಿಂದ ಬಲ ಒಯ್ಯುವ ಡ್ರೈವ್‌ಶಾಫ್ಟ್ ಆಕ್ಸಲ್ ಅನ್ನು ತಿರುಗಿಸಲು ಹೋದಾಗ ಅದರ ಎದುರುಬಲ ಚಾಸಿಯನ್ನೇ ತಿರುಚುತ್ತದೆ. ಪಕ್ಕಕ್ಕೆ ವಾಲಿದ ಬಂಡೆಯ ಮೇಲೆ ಹೀಗಾದರೆ ಗಾಡಿ ಅಂಗಾತ ಬೀಳುತ್ತದೆ.

ಪೋರ್ಟಲ್‌ನಲ್ಲಿ ಕೊನೆಯ ಗೇರ್ ಇಳಿಕೆ ಚಕ್ರದ ಹತ್ತಿರವೇ ಆಗುತ್ತದೆ. ಅಂದರೆ ಚಕ್ರಕ್ಕೆ ಅಷ್ಟೇ ಬಲ ಕೊಡಲು ಡ್ರೈವ್‌ಶಾಫ್ಟ್ ಕಮ್ಮಿ ಟಾರ್ಕ್ ಹೊತ್ತರೆ ಸಾಕು. ಶಾಫ್ಟ್‌ನಲ್ಲಿ ಟಾರ್ಕ್ ಕಮ್ಮಿ ಆದರೆ ತಿರುಚುವುದೂ ಕಮ್ಮಿ. ಹೊಸ ಗಾಡಿ, ಅದೇ ಇಟ್ಟಿಗೆ, ಅದೇ ಥ್ರಾಟಲ್. ಸ್ವಲ್ಪ ಅಲುಗಿತು, ಅಷ್ಟೇ. ಕಾಗದ ಎರಡೂ ಕಡೆ ಸಿಕ್ಕಿಕೊಳ್ಳುತ್ತಿದೆ.

ಡಿಫ್ ಎರಡೂ ಕಡೆ ಲಾಕ್. ಎಡ ಬಲ ಚಕ್ರ ಒಟ್ಟಿಗೇ ಸುತ್ತಬೇಕು. ಒಂದು ಚಕ್ರ ಗಾಳಿಯಲ್ಲಿದ್ದಾಗ ಬಲವೆಲ್ಲ ಅದಕ್ಕೇ ಹರಿದು ಹೋದರೆ ಏನು ಪ್ರಯೋಜನ?

ಆದರೆ ಲಾಕ್ ಆದ ಡಿಫ್‌ಗೆ ತಿರುಗುವುದು ಕಷ್ಟ. ಅಲ್ಲಿಗೆ ಓವರ್‌ಡ್ರೈವ್ ಬರುತ್ತದೆ. ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ ಬೇಗ ಸುತ್ತುವ ಹಾಗೆ ಮಾಡುವುದು. ಲೆಕ್ಕ ಸುಲಭ. ಮುಂದಿನ ಆಕ್ಸಲ್‌ನಲ್ಲಿ 38 ಹಲ್ಲಿನ ರಿಂಗ್ ಗೇರ್‌ಗೆ ಅದನ್ನು ಸುತ್ತಿಸುವ 13 ಹಲ್ಲಿನ ಪುಟ್ಟ ಪಿನಿಯನ್ ಗೇರ್, ಹಿಂದೆ 43ಕ್ಕೆ 13 ಅಂತ ಇಟ್ಟುಕೊಳ್ಳಿ. 43 ಅನ್ನು 38ರಿಂದ ಭಾಗಿಸಿ. ಮುಂದಿನ ಚಕ್ರ ಸುಮಾರು ಶೇ. 13 ಬೇಗ ಸುತ್ತುತ್ತದೆ. ಮುಂಭಾಗ ಗಾಡಿಯನ್ನು ಎಳೆಯುತ್ತದೆ, ತಿರುವು ಬಿಗಿಯಾಗುತ್ತದೆ, ಏರಿನಲ್ಲಿ ಮೂಗು ಏಳುವ ಬದಲು ಬಂಡೆಗೆ ಒತ್ತಿಕೊಳ್ಳುತ್ತದೆ. ಇನ್ನೂ ಜಾಸ್ತಿ ಮಾಡಬಹುದು, ಮಾಡುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಮುಂದಿನ ಟೈರ್ ಸುಮ್ನೆ ಉಜ್ಜಿ ಉಜ್ಜಿ ಹಿಡಿತ ಬಿಡುತ್ತದೆ.

ಸ್ಟಿಯರಿಂಗ್ ಕೋನಕ್ಕೆ ಯೂನಿವರ್ಸಲ್ ಜಾಯಿಂಟ್ ಇರುವ ಶಾಫ್ಟ್‌ಗಳನ್ನು ಹಾಕಿದ್ದೇನೆ. ಚಕ್ರ 45 ಡಿಗ್ರಿ ದಾಟಿ ತಿರುಗುತ್ತದೆ. ಅದನ್ನು ತಿರುಗಿಸುವ ಪುಟ್ಟ ಮೋಟರ್‌ಗೆ, ಅಂದರೆ ಸರ್ವೋಗೆ, ಶಕ್ತಿ ಬೇಕು. ಸರ್ವೋ ಮೇಲೆ 25 ಕೆ.ಜಿ. ಅಂತ ಬರೆದಿದ್ದರೆ ಅದು ನಡುಬಿಂದುವಿನಿಂದ ಒಂದು ಸೆಂಟಿಮೀಟರ್ ದೂರದ ಲೆಕ್ಕ. ಸರ್ವೋದ ತೋಳು, ಅಂದರೆ ಹಾರ್ನ್, ಎರಡೂವರೆ ಸೆಂಟಿಮೀಟರ್ ಉದ್ದ ಇದ್ದರೆ ತುದಿಯಲ್ಲಿ ಉಳಿಯುವುದು ಹತ್ತೇ ಕೆ.ಜಿ. ಬಂಡೆಗಳ ಸಂದಿಯಲ್ಲಿ ಸಿಕ್ಕಿದ ಚಕ್ರಕ್ಕೆ ಹತ್ತು ಸಾಲದು. ಅದಕ್ಕೇ 40 ಕೆ.ಜಿ.ಯದು, ಹಾರ್ನ್ ಗಿಡ್ಡ, ಅದೂ ಅಲ್ಯೂಮಿನಿಯಂನದು.

ಇಷ್ಟು ದೊಡ್ಡ ಸರ್ವೋ ಒಮ್ಮೆಗೆ ಹಲವು ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿಯೊಳಗೆ ಸರ್ವೋ, ರಿಸೀವರ್‌ಗೆ ವಿದ್ಯುತ್ ಕೊಡುವ ಪುಟ್ಟ ಬಿಇಸಿ ಇರುತ್ತದೆ. ಅದು ತಡೆಯದೆ ವೋಲ್ಟೇಜ್ ಕುಸಿದರೆ ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರ್ ಆರಿ ಹೋಗಿ ಮತ್ತೆ ಹತ್ತುತ್ತದೆ. ಗೇಟ್ ನಡುವೆ ಅರೆ ಕ್ಷಣ ಗಾಡಿ ನಮ್ಮ ಮಾತು ಕೇಳುವುದಿಲ್ಲ. ಹಾಗಾಗಿ ಸರ್ವೋಗೆ ಅಂತ ಬೇರೆ ಬಿಇಸಿ, 7.4 ವೋಲ್ಟ್‌ಗೆ ಇಟ್ಟಿದ್ದೇನೆ. ಖರ್ಚು ಕಮ್ಮಿ ಮಾಡಬೇಕು ಅಂದರೆ ಬೇರೆಲ್ಲಾದರೂ ಮಾಡಿ, ಇಲ್ಲಿ ಬೇಡ.

ಕೊನೆಗೂ ಮೋಟರ್. 35 ಅಥವಾ 45 ಟರ್ನ್‌ನ ಬ್ರಷ್ಡ್ ಮೋಟರ್‌ನಲ್ಲೂ ಚೆನ್ನಾಗಿ ಸ್ಪರ್ಧೆ ಮಾಡಬಹುದು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಟರ್ನ್ ಅಂದರೆ ಒಳಗಿನ ತಂತಿಯ ಸುತ್ತು, ಅದು ಜಾಸ್ತಿ ಆದಷ್ಟೂ ವೇಗ ಕಮ್ಮಿ, ಹದ ಜಾಸ್ತಿ. ನಾನು ಹಾಕಿರುವುದು ಹೊರಕವಚವೇ ಸುತ್ತುವ ಔಟ್‌ರನ್ನರ್ ಬ್ರಷ್‌ಲೆಸ್, 1800 ಕೆವಿ. ಜೊತೆಗೆ ಮೋಟರ್‌ನ ಕರೆಂಟನ್ನು ನಯವಾಗಿ ನಿಯಂತ್ರಿಸುವ ಎಫ್‌ಒಸಿ ವಿಧಾನ ಇರುವ ಇಎಸ್‌ಸಿ, ಚಕ್ರ ಹುಳುವಿನಂತೆ ತೆವಳುವಷ್ಟು ನಿಧಾನವಾಗಿ ಹೊರಡಲಿ ಅಂತ. 1800 ಕೆವಿ ಅಂದರೆ ಒಂದು ವೋಲ್ಟ್‌ಗೆ ನಿಮಿಷಕ್ಕೆ 1800 ಸುತ್ತು. 3ಎಸ್ ಲಿಪೋ, ಅಂದರೆ ಮೂರು ಸೆಲ್‌ನ ಬ್ಯಾಟರಿ, 11.1 ವೋಲ್ಟ್, ಅಲ್ಲಿಗೆ ನಿಮಿಷಕ್ಕೆ ಸುಮಾರು 20,000 ಸುತ್ತು. ಎಲ್ಲ ಗೇರ್ ಸೇರಿ 50ಕ್ಕೆ 1 ಇಳಿಸಿದರೆ ಚಕ್ರಕ್ಕೆ 400. ಟೈರ್ ವ್ಯಾಸ 120 ಮಿಲಿಮೀಟರ್. ಗುಣಿಸಿದರೆ ಗಂಟೆಗೆ ಸುಮಾರು 9 ಕಿಲೋಮೀಟರ್. ಮನುಷ್ಯ ನಿಧಾನವಾಗಿ ಓಡಿದಷ್ಟು. ಸಾಕು, ಬೇಕಾದಷ್ಟಾಯಿತು. ಡ್ರ್ಯಾಗ್ ಬ್ರೇಕ್ ಪೂರ್ತಿ ನೂರಕ್ಕೆ ಏರಿಸಿದ್ದೇನೆ. ಬೆರಳು ತೆಗೆದರೆ ಗಾಡಿ ಏರಿನಲ್ಲಿ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ.

ಬಂಡೆ ಹತ್ತುವುದು ಮೋಟರ್ ಅಲ್ಲ, ಟೈರ್. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಉಗುರು ಒತ್ತಿದರೆ ಗುರುತು ಬಿದ್ದು ನಿಧಾನಕ್ಕೆ ಮಾಯವಾಗುವಷ್ಟು ಮೆತ್ತಗಿನ ರಬ್ಬರ್ ಇದು. ಆದರೆ ಗುಟ್ಟಿರುವುದು ಒಳಗಿನ ಫೋಮ್‌ನಲ್ಲಿ. ಎರಡು ಪದರ ಇದೆ. ಒಳಗಿನದು ಗಟ್ಟಿ, ಹೊರಗಿನದು ಮೆತ್ತಗೆ. ಗಟ್ಟಿ ಪದರ ಟೈರ್ ರಿಮ್‌ನಿಂದ ಮಡಚಿಕೊಳ್ಳದಂತೆ ತಡೆಯುತ್ತದೆ. ಮೆತ್ತಗಿನ ಪದರ ಬಂಡೆಯ ಆಕಾರಕ್ಕೆ ಟೈರ್ ಒಪ್ಪಿಕೊಳ್ಳುವ ಹಾಗೆ ಮಾಡುತ್ತದೆ.

ಮುಂದಿನ ಫೋಮ್‌ಗಳ ಹೊರಪದರದಲ್ಲಿ ಕತ್ತರಿಯಿಂದ ವಿ ಆಕಾರದ ಕಚ್ಚು ಹಾಕುತ್ತಿದ್ದೇನೆ. ಕಚ್ಚಿನ ಆಳ ಎಲ್ಲ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಚಕ್ರ ಸುತ್ತುವಾಗ ಒಂದು ಕಡೆ ಮೆತ್ತಗೆ, ಇನ್ನೊಂದು ಕಡೆ ಬಿಗಿ ಆಗಿ ಗಾಡಿ ಕುಂಟುತ್ತದೆ. ಹಿಂದಿನ ಫೋಮ್‌ಗಳನ್ನು ಹಾಗೇ ಬಿಟ್ಟಿದ್ದೇನೆ, ಏರಿನಲ್ಲಿ ತೂಕ ಹಿಂದಕ್ಕೆ ಸರಿಯುವಾಗ ಅವು ತಡೆಯಬೇಕು. ಒಳಗಿನ ಗಾಳಿ ಹೊರಹೋಗಲು ರಿಮ್‌ನಲ್ಲಿ ಸಣ್ಣ ತೂತುಗಳಿವೆ. ಬೀಡ್‌ಲಾಕ್ ರಿಮ್ ಆದ್ದರಿಂದ ಅಂಟು ಬೇಡ, ಉಂಗುರವನ್ನು ಸ್ಕ್ರೂ ಹಾಕಿ ಬಿಗಿದರೆ ಆಯಿತು. ಫೋಮ್ ಹಿಡಿಸಲಿಲ್ಲ ಅಂದರೆ ಬಿಚ್ಚಿ ಬದಲಿಸಬಹುದು. ಅಷ್ಟೊಂದು ಸ್ಕ್ರೂ ಬಿಚ್ಚುವಾಗ ಮಾತ್ರ ನನಗೆ ಅಂಟು ಹಾಕುವವರ ಮೇಲೆ ಹೊಟ್ಟೆಕಿಚ್ಚು ಬರುತ್ತದೆ. ಲೋಹಕ್ಕೆ ಲೋಹ ಸೇರುವ ಕಡೆಯಲ್ಲೆಲ್ಲ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕ್ ಒಂದು ಹನಿ. ಪ್ಲಾಸ್ಟಿಕ್‌ಗೆ ಬೇಡ, ಅದು ಬಿರುಕು ಬಿಡುತ್ತದೆ.

ಇನ್ನು ತೂಕ. ಎರಡು ತಕ್ಕಡಿ ಇಟ್ಟಿದ್ದೇನೆ. ಮುಂದಿನ ಚಕ್ರಗಳು ಒಂದರ ಮೇಲೆ, ಹಿಂದಿನವು ಇನ್ನೊಂದರ ಮೇಲೆ. ಹಿತ್ತಾಳೆ ಹಾಕುವ ಮೊದಲು ಮುಂದೆ ಹಿಂದೆ ಹೆಚ್ಚು ಕಮ್ಮಿ ಸಮ ಇತ್ತು. ಹಿತ್ತಾಳೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಭಾರ. ಆದ್ದರಿಂದ ಮುಂದಿನ ಚಕ್ರಗಳನ್ನು ಹಿಡಿದು ತಿರುಗುವ ನಕಲ್ ಅನ್ನುವ ಭಾಗಗಳು ಹಿತ್ತಾಳೆ, ಪೋರ್ಟಲ್ ಮುಚ್ಚಳಗಳೂ ಹಿತ್ತಾಳೆ. ಹಿಂದೆ ಎಲ್ಲ ಅಲ್ಯೂಮಿನಿಯಂ. ಈಗ ಮುಂದೆ 1610 ಗ್ರಾಂ, ಹಿಂದೆ 990. ಒಟ್ಟು 2.6 ಕೆ.ಜಿ., ಅದರಲ್ಲಿ ಮುಂದೆ ಶೇ. 62. ಈ ತೂಕ ಸ್ಪ್ರಿಂಗ್‌ನ ಕೆಳಗೆ, ಚಕ್ರದ ಪಕ್ಕದಲ್ಲೇ ಇರುವುದು ಮುಖ್ಯ. ಇದೇ ಹಿತ್ತಾಳೆಯನ್ನು ಚಾಸಿ ಮೇಲೆ ಕಟ್ಟಿದರೆ ಉಲ್ಟಾ ಕೆಲಸ ಮಾಡುತ್ತದೆ. ಹಾಗಂತ ಸಿಕ್ಕ ಸಿಕ್ಕಲ್ಲಿ ಹಿತ್ತಾಳೆ ತುಂಬಬೇಡಿ. ಸೇರಿಸಿದ ಪ್ರತಿ ಗ್ರಾಂ ಅನ್ನು ಮೋಟರ್ ಏರಿನಲ್ಲಿ ಎಳೆಯಬೇಕು, ಸರ್ವೋ ತಿರುಗಿಸಬೇಕು.

ಬಾಡಿ ತೆಳು ಪಾಲಿಕಾರ್ಬನೇಟ್. ಬಣ್ಣ ಒಳಗಡೆಯಿಂದ ಹೊಡೆದಿದ್ದೇನೆ, ಗೀರು ಬಿದ್ದರೂ ಬಣ್ಣ ಹೋಗುವುದಿಲ್ಲ. ಚಂದ ಕಾಣುತ್ತದಾ ಅಂತ ಕೇಳಬೇಡಿ. ಹಗುರವಾಗಿದೆ.

ಈಗ ಹಲಗೆಯ ಪರೀಕ್ಷೆ. ಮರಳು ಕಾಗದ ಅಂಟಿಸಿದ ಹಲಗೆಯ ಮೇಲೆ ಗಾಡಿಯನ್ನು ಅಡ್ಡಡ್ಡ ನಿಲ್ಲಿಸಿ, ಒಂದು ಅಂಚನ್ನು ನಿಧಾನಕ್ಕೆ ಎತ್ತುತ್ತೇನೆ. ಹಳೆಯ ಗಾಡಿ ಮೊದಲು. ಮೇಲಿನ ಪಕ್ಕದ ಚಕ್ರಗಳು ಬಿಟ್ಟುಕೊಂಡವು, ಕೆಳಗೆ ಸೀಸದ ಕಡ್ಡಿಯಿಂದ ಗುರುತು ಹಾಕಿದೆ. ಹೊಸದು ಆ ಗುರುತು ದಾಟಿತು. ಇನ್ನೂ ನಿಂತಿದೆ. ಈಗ ಹಿಂದಿನ ಮೇಲಿನ ಚಕ್ರ ಹಗುರಾಯಿತು, ಮುಂದಿನದು ಇನ್ನೂ ಒತ್ತಿಕೊಂಡೇ ಇದೆ. ಹೋಯಿತು. ಮೊದಲು ಬಿಟ್ಟುಕೊಂಡದ್ದು ಹಿಂಭಾಗ. ತೂಕ ಇರುವ ಮುಂಭಾಗ ಕೊನೆಯವರೆಗೂ ಹಿಡಿದಿತ್ತು, ನನಗೆ ಬೇಕಾಗಿದ್ದೂ ಅದೇ. ಇಳಿಜಾರಿನಲ್ಲಿ ಹಿಂದಿನ ಚಕ್ರ ಎದ್ದರೂ ಮುಂದಿನದನ್ನು ಕೆಳಕ್ಕೆ ತಿರುಗಿಸಿ ಗಾಡಿ ಉಳಿಸಿಕೊಳ್ಳಬಹುದು. ಮುಂದಿನದೇ ಎದ್ದರೆ ತಿರುಗಿಸಲು ಏನೂ ಉಳಿದಿರುವುದಿಲ್ಲ.

ಉಳಿದಿರುವುದು ಒಂದೇ ಪ್ರಶ್ನೆ, ಡಿಗ್. ಹಿಂದಿನ ಆಕ್ಸಲ್ ಅನ್ನು ಗೇರ್‌ಬಾಕ್ಸ್‌ನಿಂದ ಬಿಡಿಸಿ ಲಾಕ್ ಮಾಡುವ ವ್ಯವಸ್ಥೆ ಅದು. ಹಿಂದಿನ ಚಕ್ರ ನೆಲ ಕಚ್ಚಿ ನಿಲ್ಲುತ್ತದೆ, ಮುಂದಿನವು ಎಳೆಯುತ್ತವೆ, ಗಾಡಿ ನಿಂತಲ್ಲೇ ತಿರುಗುತ್ತದೆ. ಗೇಟ್ ಪಕ್ಕದಲ್ಲಿ ರಿವರ್ಸ್ ಉಳಿಸಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಅದಕ್ಕೆ ಇನ್ನೊಂದು ಪುಟ್ಟ ಸರ್ವೋ ಬೇಕು, ಅದು ಕೂರುವುದು ಗೇರ್‌ಬಾಕ್ಸ್ ಮೇಲೆ. ಅಂದರೆ ನಾನು ಇಷ್ಟೊತ್ತು ಖಾಲಿ ಮಾಡಿಸಿದ ಎತ್ತರದ ಜಾಗದಲ್ಲೇ. ಗೇರ್‌ಬಾಕ್ಸ್‌ನಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇನೆ, ರಿಸೀವರ್‌ನಲ್ಲೂ ಒಂದು ಚಾನೆಲ್ ಖಾಲಿ ಇದೆ. ಈ ಸ್ಪರ್ಧೆಗೆ ಡಿಗ್ ಇಲ್ಲದೆ ಹೋಗುತ್ತೇನೆ. ಹಾಳೆಯಲ್ಲಿ ರಿವರ್ಸ್ ಸಾಲು ಉದ್ದವಾದರೆ ಮುಂದಿನ ವಿಡಿಯೋದಲ್ಲಿ ಸರ್ವೋ ಕೂರಿಸುವ ಕೆಲಸ.