ಪ್ರೆಶರ್ ಕುಕ್ಕರ್: ಕೊಳ್ಳುವಾಗ ನೋಡಬೇಕಾದದ್ದು, ಒಲೆಯ ಮೇಲಿಟ್ಟಾಗ ತಿಳಿದಿರಬೇಕಾದದ್ದು

[ದೃಶ್ಯ: ಒಲೆಯ ಮೇಲೆ ಕುಕ್ಕರ್. ವೆಯ್ಟ್ ಎದ್ದು ಹಬೆ ಹೊರಗೆ ಚಿಮ್ಮುತ್ತದೆ.]

ನಮಸ್ಕಾರ. ಕುಕ್ಕರ್ ಕೂಗಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಎಣಿಸಲು ತೊಡಗುತ್ತೇವೆ. ಮೂರು ಕೂಗಾದರೆ ಬೇಳೆ ಬೆಂದಿತು, ಆರಾದರೆ ಕಾಳು ಬೆಂದಿತು ಎಂಬ ಲೆಕ್ಕ ಬಾಯಿಂದ ಬಾಯಿಗೆ ಹರಿದುಬಂದಿದೆ. ಆದರೆ ಒಂದೇ ಬೇಳೆಗೆ ಒಂದೇ ಮೂರು ಕೂಗು ಕೂಗಿಸಿದರೂ ಒಂದು ದಿನ ಅದು ಕರಗಿಹೋಗುತ್ತದೆ, ಇನ್ನೊಂದು ದಿನ ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಇದು ಬೇಳೆಯ ದೋಷವೂ ಅಲ್ಲ, ಪಾತ್ರೆಯ ದೋಷವೂ ಅಲ್ಲ. ನಾವು ಎಣಿಸುತ್ತಿರುವುದು ಬೇಯುವುದಕ್ಕೆ ಸಂಬಂಧಪಟ್ಟ ಅಳತೆಯೇ ಅಲ್ಲ ಎಂಬುದು ಅದಕ್ಕೆ ಕಾರಣ. ಕುಕ್ಕರ್ ಒಳಗೆ ಏನು ನಡೆಯುತ್ತದೆ ಎಂಬುದು ಒಮ್ಮೆ ತಿಳಿದರೆ, ಯಾವುದನ್ನು ಕೊಳ್ಳಬೇಕು, ಹೇಗೆ ಬಳಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಕಷ್ಟವಾಗುವುದಿಲ್ಲ.

[ದೃಶ್ಯ: ತೆರೆದ ಪಾತ್ರೆಯಲ್ಲಿ ಕುದಿಯುವ ನೀರು, ಪಕ್ಕದಲ್ಲಿ ಮುಚ್ಚಿದ ಕುಕ್ಕರ್‌ನ ಸೀಳುನೋಟದ ಚಿತ್ರ.]

ತೆರೆದ ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಆಮೇಲೆ ಎಷ್ಟೇ ಉರಿ ಹಚ್ಚಿದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ; ಕೊಟ್ಟ ಶಾಖವೆಲ್ಲ ನೀರನ್ನು ಹಬೆಯಾಗಿಸುವುದಕ್ಕೇ ವೆಚ್ಚವಾಗುತ್ತದೆ. ಅದೇ ಹಬೆಯನ್ನು ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಕೂಡಿಹಾಕಿದರೆ ಒತ್ತಡ ಏರುತ್ತದೆ, ಒತ್ತಡದೊಂದಿಗೆ ಕುದಿಯುವ ಬಿಂದುವೂ ಏರುತ್ತದೆ. ಹೊರಗಿನ ಗಾಳಿಗಿಂತ ಸುಮಾರು 1 ಬಾರ್, ಅಂದರೆ ಚದರ ಅಂಗುಲಕ್ಕೆ ಸುಮಾರು 15 ಪೌಂಡ್ ಹೆಚ್ಚಿನ ಒತ್ತಡದಲ್ಲಿ ನೀರು 120 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಈ 20 ಡಿಗ್ರಿಯ ಅಂತರದಿಂದಲೇ ಮುಕ್ಕಾಲು ಗಂಟೆ ಬೇಯಬೇಕಾದದ್ದು ಹೆಚ್ಚುಕಡಿಮೆ ಕಾಲು ಗಂಟೆಯಲ್ಲಿ ಬೇಯುತ್ತದೆ.

ಈ ಒತ್ತಡವನ್ನು ಅಳತೆಯಲ್ಲಿ ಹಿಡಿದಿಡುವುದು ಮುಚ್ಚಳದ ಮೇಲಿನ ಪುಟ್ಟ ವೆಯ್ಟ್. 3 ಮಿಲಿಮೀಟರ್ ಅಗಲದ ತೂತಿನ ಮೇಲೆ ಸುಮಾರು 72 ಗ್ರಾಂ ತೂಕ ಕೂತಿದ್ದರೆ, ಒಳಗಿನ ಒತ್ತಡ 1 ಬಾರ್ ಮುಟ್ಟುವವರೆಗೆ ಅದು ಕದಲುವುದಿಲ್ಲ, ಮುಟ್ಟಿದ ಮೇಲೆ ಎದ್ದು ಹೆಚ್ಚಿನ ಹಬೆಯನ್ನು ಹೊರಬಿಡುತ್ತದೆ. ತೂತಿನ ಅಗಲಕ್ಕೂ ವೆಯ್ಟಿನ ಭಾರಕ್ಕೂ ಇಷ್ಟು ನಿಖರವಾದ ನಂಟಿರುವುದರಿಂದ ಒಂದು ಕುಕ್ಕರ್‌ನ ವೆಯ್ಟನ್ನು ಇನ್ನೊಂದಕ್ಕೆ ಹಾಕಲೇಬಾರದು. ನೋಡಲು ಒಂದೇ ತರಹ ಇದೆ ಎಂಬುದು ಸಾಲದು. 1679ರಲ್ಲಿ ಮೂಳೆಗಳನ್ನು ಮೆತ್ತಗಾಗಿಸುವ ಮುಚ್ಚಿದ ಪಾತ್ರೆಯನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಫ್ರಾನ್ಸ್ ಮೂಲದ ಡೆನಿಸ್ ಪಾಪಿನ್, ಪಾತ್ರೆ ಒಡೆಯದಿರಲೆಂದು ಭಾರ ಹೇರಿದ ಕವಾಟವನ್ನು ರೂಪಿಸಿದ್ದರು. ನಮ್ಮ ಒಲೆಯ ಮೇಲೆ ಇಂದು ಕೂಗುತ್ತಿರುವುದು ಆ ಕವಾಟದ ವಂಶದ್ದೇ.

ಈಗ ಕೂಗಿನ ವಿಷಯಕ್ಕೆ ಮರಳೋಣ. ಮೊದಲ ಕೂಗು ಒಂದು ಉಪಯುಕ್ತ ಸುದ್ದಿಯನ್ನು ತಿಳಿಸುತ್ತದೆ: ಒಳಗೆ ಬೇಕಾದ ಒತ್ತಡ ತುಂಬಿದೆ. ಅದರ ನಂತರದ ಕೂಗುಗಳು ಉರಿ ಅಗತ್ಯಕ್ಕಿಂತ ಹೆಚ್ಚಿದೆ ಎಂಬುದನ್ನು ಮಾತ್ರ ತಿಳಿಸುತ್ತವೆ. ಜೋರು ಉರಿಯಲ್ಲಿ ಮೂರು ಕೂಗು ಬೇಗ ಬಂದುಬಿಡುತ್ತವೆ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಹಿಡಿಯುತ್ತವೆ. ಎರಡರಲ್ಲೂ ಒಳಗಿನ ಬಿಸಿ ಒಂದೇ, ಆದರೆ ಬೆಂದ ಸಮಯ ಬೇರೆ. ಆದ್ದರಿಂದ ಮೊದಲ ಕೂಗಿಗೆ ಉರಿಯನ್ನು ಸಣ್ಣಗೆ ಮಾಡಿ, ವೆಯ್ಟಿನ ಬುಡದಿಂದ ಹಬೆ ಆಗಾಗ ಸುಯ್ಯೆನ್ನುವಷ್ಟಕ್ಕೆ ನಿಲ್ಲಿಸಿ, ಅಲ್ಲಿಂದ ಗಡಿಯಾರ ನೋಡಿ. ಹೀಗೆ ಮಾಡುವುದರಿಂದ ಇಂಧನ ಉಳಿಯುತ್ತದೆ, ನೀರು ಬತ್ತಿ ತಳ ಹಿಡಿಯುವುದು ತಪ್ಪುತ್ತದೆ, ಮುಖ್ಯವಾಗಿ ಪ್ರತಿಸಲವೂ ಒಂದೇ ಹದ ಸಿಗುತ್ತದೆ. ನಿಮ್ಮ ಒಲೆಗೆ, ನಿಮ್ಮ ಕುಕ್ಕರ್‌ಗೆ ಹೊಂದುವ ನಿಮಿಷಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂಬುದು ನನ್ನ ಆಗ್ರಹ; ಎರಡು ವಾರದಲ್ಲಿ ಆ ಚೀಟಿಯ ಬೆಲೆ ನಿಮಗೇ ತಿಳಿಯುತ್ತದೆ.

ಎತ್ತರದ ಪ್ರದೇಶಗಳಲ್ಲಿ ಇರುವವರಿಗೆ ಒಂದು ಮಾತು. ಸುಮಾರು ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ. ವೆಯ್ಟ್ ಹೊರಗಿನ ಗಾಳಿಯ ಒತ್ತಡದ ಮೇಲೆ ತನ್ನ ಪಾಲನ್ನು ಸೇರಿಸುವುದರಿಂದ, ಹೊರಗಿನ ಒತ್ತಡವೇ ಕಡಿಮೆಯಾದಾಗ ಕುಕ್ಕರ್ ಒಳಗಿನ ಬಿಸಿಯೂ ಸ್ವಲ್ಪ ತಗ್ಗುತ್ತದೆ. 600 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರ್‌ಗೆ ಬೇಯಿಸುವ ಸಮಯವನ್ನು ಶೇಕಡ 5ರಷ್ಟು ಹೆಚ್ಚಿಸುವುದು ರೂಢಿಯ ಲೆಕ್ಕ.

[ದೃಶ್ಯ: ಬೇರೆ ಬೇರೆ ಗಾತ್ರದ ಕುಕ್ಕರ್‌ಗಳು ಸಾಲಾಗಿ.]

ಕೊಳ್ಳುವಾಗ ಮೊದಲು ಎದುರಾಗುವುದು ಗಾತ್ರದ ಪ್ರಶ್ನೆ. ಡಬ್ಬದ ಮೇಲೆ 5 ಲೀಟರ್ ಎಂದಿದ್ದರೆ 5 ಲೀಟರ್ ಅಡುಗೆ ಆಗುತ್ತದೆ ಎಂದಲ್ಲ. ಹಬೆಗೆ ಜಾಗ ಬೇಕಾದ್ದರಿಂದ ಕುಕ್ಕರನ್ನು ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಅಕ್ಕಿ, ಬೇಳೆ, ಕಾಳುಗಳಂತೆ ಉಬ್ಬುವ ಅಥವಾ ನೊರೆ ಕಟ್ಟುವ ಪದಾರ್ಥವಾದರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಹಾಗಾಗಿ 5 ಲೀಟರಿನ ಕುಕ್ಕರ್‌ನಲ್ಲಿ ಕಾಳು ಬೇಯಿಸಲು ಸಿಗುವುದು ನೀರೂ ಸೇರಿ ಎರಡೂವರೆ ಲೀಟರ್ ಜಾಗ. ಈ ಲೆಕ್ಕ ಹಾಕಿ ಕೊಂಡರೆ, ಆಮೇಲೆ ಜಾಗ ಸಾಲದೆ ಕಂಠಪೂರ್ತಿ ತುಂಬುವ ಅಪಾಯಕಾರಿ ಅಭ್ಯಾಸ ಬೆಳೆಯುವುದಿಲ್ಲ.

ಅಲ್ಯೂಮಿನಿಯಂ ಹಗುರ, ಮತ್ತು ಸ್ಟೇನ್‌ಲೆಸ್ ಸ್ಟೀಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಹರಡುತ್ತದೆ. ಆದರೆ ಹುಳಿ ಪದಾರ್ಥಗಳೊಡನೆ ವರ್ತಿಸುತ್ತದೆ, ಒಳಮೈ ಕಪ್ಪಾಗುತ್ತದೆ. ಹಾರ್ಡ್ ಆನೊಡೈಸ್ ಮಾಡಿದ್ದರಲ್ಲಿ, ಅಂದರೆ ಮೇಲ್ಮೈಗೆ ಗಟ್ಟಿಯಾದ ರಕ್ಷಣಾ ಪದರ ಕಟ್ಟಿಸಿದ ಅಲ್ಯೂಮಿನಿಯಂನಲ್ಲಿ, ಈ ತೊಂದರೆ ಕಡಿಮೆ. ಸ್ಟೀಲ್ ಹುಳಿಗೆ ಜಗ್ಗುವುದಿಲ್ಲ, ಆದರೆ ತೆಳುವಾದ ಸ್ಟೀಲ್ ತಳದಲ್ಲಿ ಉರಿ ತಾಗಿದಲ್ಲೇ ಸೀಯುತ್ತದೆ. ಆದ್ದರಿಂದ ಎರಡು ಸ್ಟೀಲ್ ಪದರಗಳ ನಡುವೆ ದಪ್ಪ ಅಲ್ಯೂಮಿನಿಯಂ ಕೂರಿಸಿದ ತಳ ಇರುವುದನ್ನೇ ಆರಿಸಿ. ಇಂಡಕ್ಷನ್ ಒಲೆ ಇದ್ದರೆ ತಳಕ್ಕೆ ಆಯಸ್ಕಾಂತ ಅಂಟುತ್ತದೆಯೇ ಎಂದು ನೋಡಿದರೆ ಸಾಕು.

ಮುಚ್ಚಳದಲ್ಲಿ ಎರಡು ಬಗೆ. ಒಳಮುಚ್ಚಳವು ಪಾತ್ರೆಯ ಬಾಯಿಯೊಳಗೆ ಇಳಿದು ಒಳಗಿನಿಂದ ಅಂಚಿಗೆ ಒತ್ತಿಕೊಳ್ಳುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿಯುವುದರಿಂದ ಒತ್ತಡ ಇರುವಾಗ ಅದನ್ನು ತೆರೆಯುವುದು ಕೈಯಿಂದಾಗದ ಮಾತು. ಹೊರಮುಚ್ಚಳವು ಅಂಚಿನ ಕೊಂಡಿಗಳಿಗೆ ತಿರುಗಿ ಸಿಕ್ಕಿಕೊಳ್ಳುತ್ತದೆ; ಒಳಗೆ ಅಡ್ಡಿಯಿಲ್ಲದ ಅಗಲವಾದ ಬಾಯಿ ಸಿಗುತ್ತದೆ, ಆದರೆ ಸುರಕ್ಷತೆ ಆ ಕೊಂಡಿಗಳ ಮೇಲೂ ಬೀಗದ ಮೇಲೂ ನಿಂತಿದೆ. ಮೊದಲ ಸಲ ಕೊಳ್ಳುವವರಿಗೆ ನಾನು ಒಳಮುಚ್ಚಳವನ್ನೇ ಹೇಳುತ್ತೇನೆ. ವೆಯ್ಟ್ ಬದಲು ಸ್ಪ್ರಿಂಗ್ ಕವಾಟ ಇರುವ ಕುಕ್ಕರ್‌ಗಳೂ ಇವೆ. ಅವು ಕೂಗುವುದಿಲ್ಲ, ಮೇಲೆದ್ದ ಕಡ್ಡಿಯ ಗೆರೆ ನೋಡಿ ಒತ್ತಡ ತಿಳಿಯಬೇಕು. ಯಾವುದೇ ಬಗೆಯಾದರೂ ಗುಣಮಟ್ಟದ ಮುದ್ರೆ ಇದೆಯೇ, ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಬಿಡಿಯಾಗಿ ಸುಲಭಕ್ಕೆ ದೊರೆಯುತ್ತವೆಯೇ ಎಂದು ವಿಚಾರಿಸದೆ ದುಡ್ಡು ಕೊಡಬೇಡಿ. ಬಿಡಿಭಾಗ ಸಿಗದ ಒಳ್ಳೆಯ ಕುಕ್ಕರ್‌ಗಿಂತ ಬಿಡಿಭಾಗ ಸಿಗುವ ಸಾಧಾರಣ ಕುಕ್ಕರ್ ಎಷ್ಟೋ ಮೇಲು.

[ದೃಶ್ಯ: ಮುಚ್ಚಳವನ್ನು ಬೆಳಕಿಗೆ ಹಿಡಿದು ಹಬೆನಳಿಗೆಯ ತೂತನ್ನು ನೋಡುವ ಕೈಗಳು.]

ಒಲೆಯ ಮೇಲಿಡುವ ಮುನ್ನ ಪ್ರತಿಸಲವೂ ಹಬೆನಳಿಗೆಯನ್ನು ಬೆಳಕಿಗೆ ಹಿಡಿದು, ಅದರ ತೂತಿನಲ್ಲಿ ಆಚೆಯ ಬೆಳಕು ಕಾಣುತ್ತದೆಯೇ ಎಂದು ನೋಡಿ. ಅಲ್ಲಿ ಸಿಕ್ಕಿಕೊಂಡ ಒಂದು ಕಾಳಿನ ಸಿಪ್ಪೆ ಸಾಕು, ವೆಯ್ಟಿನ ಕೆಲಸವೆಲ್ಲ ನಿಂತುಹೋಗುತ್ತದೆ. ತಳದಲ್ಲಿ ಕೈಪಿಡಿ ಹೇಳಿದಷ್ಟು ನೀರು ಇರಲೇಬೇಕು, ಒಳಗೆ ಬೇರೆ ಪಾತ್ರೆಗಳನ್ನಿಟ್ಟು ಬೇಯಿಸುವಾಗಲೂ ಅಷ್ಟೇ. ವೆಯ್ಟನ್ನು ಮೊದಲೇ ಹಾಕಬೇಡಿ. ಕೈಪಿಡಿ ಬೇರೆ ರೀತಿ ಹೇಳದಿದ್ದರೆ, ನಳಿಗೆಯಿಂದ ಹಬೆ ಎಡೆಬಿಡದೆ ಬರುವವರೆಗೆ ಕಾಯ್ದು ಆಮೇಲೆ ಹಾಕಿ. ಒಳಗಿನ ಗಾಳಿ ಅಷ್ಟರಲ್ಲಿ ಹೊರಹೋಗಿರುತ್ತದೆ. ಗಾಳಿ ಬೆರೆತ ಹಬೆ ಅದೇ ಒತ್ತಡದಲ್ಲಿಯೂ ಶುದ್ಧ ಹಬೆಯಷ್ಟು ಬಿಸಿಯಾಗಿರುವುದಿಲ್ಲ. ಒಗ್ಗರಣೆ ಹಾಕುವುದು, ಬಾಡಿಸುವುದು ಮುಚ್ಚಳ ತೆರೆದಿರುವಾಗ ನಡೆಯಲಿ. ಎಣ್ಣೆಯಲ್ಲಿ ಕರಿಯುವಾಗ ಮುಚ್ಚಳ ಹಾಕಿ ಒತ್ತಡ ಕಟ್ಟಿಸುವುದು ಮಾತ್ರ ಎಂದಿಗೂ ಕೂಡದು.

ಸೇಫ್ಟಿ ವಾಲ್ವ್ ಒಂದು ದಿನ ಕರಗಿ ಹಬೆ ಬಿಟ್ಟರೆ ಅದನ್ನು ಬೈಯಬೇಡಿ. ನಳಿಗೆ ಕಟ್ಟಿಕೊಂಡಾಗ ಅಥವಾ ನೀರು ಬತ್ತಿ ಪಾತ್ರೆ ಮಿತಿಮೀರಿ ಕಾದಾಗ ಕರಗಲೆಂದೇ ಅದರಲ್ಲಿ ಕಡಿಮೆ ಬಿಸಿಗೆ ಕರಗುವ ಮಿಶ್ರಲೋಹ ಇಟ್ಟಿರುತ್ತಾರೆ. ಕಾರಣವನ್ನು ಕಂಡುಹಿಡಿಯಿರಿ, ಅದೇ ಮಾದರಿಯ ಹೊಸ ವಾಲ್ವ್ ಹಾಕಿಸಿ. ಸ್ಕ್ರೂ, ಮೇಣ, ಬೆಸುಗೆ ಯಾವುದರಿಂದಲೂ ಆ ತೂತನ್ನು ಮುಚ್ಚಬಾರದು.

[ದೃಶ್ಯ: ಒಲೆ ಆರಿದೆ. ಕುಕ್ಕರ್ ಹಾಗೇ ಇದೆ.]

ಕುಕ್ಕರ್‌ನ ಅವಘಡಗಳ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಅತ್ಯಂತ ಕಳವಳ ಹುಟ್ಟಿಸುವುದು ಒಲೆ ಆರಿಸಿದ ನಂತರದ ಈ ಹತ್ತು ನಿಮಿಷ. 20 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ 1 ಬಾರ್ ಒತ್ತಡ ಎಂದರೆ ಒಟ್ಟು 300 ಕಿಲೋಗ್ರಾಂಗೂ ಹೆಚ್ಚಿನ ಭಾರ ಹೊರಕ್ಕೆ ತಳ್ಳುತ್ತಿರುತ್ತದೆ. ಅಷ್ಟೇ ಅಲ್ಲ, ಒಳಗಿನ ನೀರು 120 ಡಿಗ್ರಿಯಲ್ಲಿದೆ. ಒತ್ತಡ ಒಮ್ಮೆಲೇ ಇಳಿದರೆ ಅದು ತಕ್ಷಣ 100 ಡಿಗ್ರಿಗೆ ಬರಬೇಕು. ಮಿಕ್ಕ ಶಾಖದಿಂದ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 40 ಗ್ರಾಂ ಆ ಕ್ಷಣದಲ್ಲೇ ಹಬೆಯಾಗುತ್ತದೆ. 40 ಗ್ರಾಂ ನೀರು ಹಬೆಯಾದಾಗ ಆಕ್ರಮಿಸುವ ಜಾಗ 60 ಲೀಟರಿಗೂ ಹೆಚ್ಚು. ಮುಚ್ಚಳವನ್ನು ಬಲವಂತವಾಗಿ ತೆಗೆದವರ ಮೈಮೇಲೆ ಕುದಿಯುವ ಆಹಾರ ಎರಚುವುದು ಇದರಿಂದಲೇ.

ಆದ್ದರಿಂದ ಸಮಯ ಇದ್ದರೆ ಕುಕ್ಕರನ್ನು ತಾನಾಗಿ ಆರಲು ಬಿಡಿ. ಕಾಳು, ಬೇಳೆ, ಮಾಂಸಗಳು ಆ ಹೊತ್ತಿನಲ್ಲೂ ಬೇಯುತ್ತಿರುತ್ತವೆ, ಅದನ್ನು ನಿಮ್ಮ ನಿಮಿಷಗಳ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೇಗ ಬೆಂದು ಮೆತ್ತಗಾಗುವ ತರಕಾರಿಯಾದರೆ, ಕೈಪಿಡಿ ಒಪ್ಪಿದ್ದಲ್ಲಿ ಮುಚ್ಚಳದ ಅಂಚಿಗೆ ತಣ್ಣೀರು ಹರಿಸಿ ಒತ್ತಡ ಇಳಿಸಬಹುದು. ನೊರೆ ಕಟ್ಟುವ ಪದಾರ್ಥ ಇರುವಾಗ ವೆಯ್ಟನ್ನು ಎತ್ತಿ ಹಬೆ ಬಿಡಬೇಡಿ. ವೆಯ್ಟ್ ತೆಗೆದ ಮೇಲೆ ಸದ್ದಿಲ್ಲ, ಹಬೆ ಇಲ್ಲ, ಮುಚ್ಚಳ ಸಲೀಸಾಗಿ ಕದಲುತ್ತದೆ ಎಂದಾದಾಗ, ಮುಖದಿಂದ ಆಚೆಗೆ ವಾಲಿಸಿ ತೆಗೆಯಿರಿ.

ಗ್ಯಾಸ್ಕೆಟನ್ನು ಪ್ರತಿಸಲ ಬಿಚ್ಚಿ ತೊಳೆದು ಒಣಗಿಸಿ, ಮುಚ್ಚಳವನ್ನು ಬಿಗಿಯದೆ ಬೋರಲು ಇಡಿ. ಅಂಚಿನಿಂದ ಹಬೆ ಸೋರುವುದು, ಮೊದಲ ಕೂಗು ಬರಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುವುದು ಇವುಗಳಲ್ಲಿ ಒಂದು ಕಂಡರೂ ಅದನ್ನು ಬದಲಿಸಬೇಕು. ಹೊಸ ಗ್ಯಾಸ್ಕೆಟ್ ಹಾಕಿದ ದಿನ, ಹಾಗೆಯೇ ಹೊಸ ಕುಕ್ಕರ್ ತಂದ ದಿನ, ಮೊದಲು ಬರೀ ನೀರನ್ನಿಟ್ಟು ಒಂದು ಕೂಗು ಬರಿಸಿ, ಉರಿ ಸಣ್ಣಗೆ ಮಾಡಿ, ಐದು ನಿಮಿಷ ಪಕ್ಕದಲ್ಲೇ ನಿಂತು ಅಂಚು ಸೋರದೆ ಹಬೆ ವೆಯ್ಟಿನ ಬುಡದಿಂದ ಮಾತ್ರ ಬರುತ್ತಿದೆಯೇ ಎಂದು ನೋಡಿ. ಅಕ್ಕಿಬೇಳೆ ಹಾಕುವುದು ಅದರ ನಂತರ.