ಇಆರ್‌ಸಿ ತನಿಖೆ: ಪತ್ರ ಬಂದ ಮೇಲೆ ಮಾಡಬೇಕಾದದ್ದು

ಮಾನ್ಯರೇ,

ಅಮೆರಿಕದಲ್ಲಿ ಹೋಟೆಲು, ಮೋಟೆಲು, ದಂತ ಚಿಕಿತ್ಸಾಲಯ, ಸಾಫ್ಟ್‌ವೇರ್ ಕನ್ಸಲ್ಟಿಂಗ್ ಎಂದು ನಾನಾ ಬಗೆಯ ಉದ್ಯಮ ನಡೆಸುತ್ತಿರುವ ಕನ್ನಡಿಗರಲ್ಲಿ ಕೋವಿಡ್ ಕಾಲದ ಎಂಪ್ಲಾಯೀ ರಿಟೆನ್ಷನ್ ಕ್ರೆಡಿಟ್, ಅಂದರೆ ಇಆರ್‌ಸಿ, ಪಡೆದವರಿದ್ದಾರೆ. ಆ ಸಂಕಷ್ಟದಲ್ಲೂ ನೌಕರರನ್ನು ಉಳಿಸಿಕೊಂಡು ಸಂಬಳ ಕೊಟ್ಟ ಉದ್ಯಮಗಳಿಗೆ ಪೇರೋಲ್ ತೆರಿಗೆಯಲ್ಲಿ ಸರ್ಕಾರ ಕೊಟ್ಟ ರಿಯಾಯಿತಿ ಇದು. ಬಂದ ಹಣ ಬಾಡಿಗೆಗೋ ಸಾಲಕ್ಕೋ ಹೋಗಿ ಕರಗಿದ ಮೇಲೆ ಐಆರ್‌ಎಸ್‌ನಿಂದ, ಅಂದರೆ ಅಮೆರಿಕದ ತೆರಿಗೆ ಇಲಾಖೆಯಿಂದ, ತನಿಖೆಯ ಪತ್ರ ಬಂದರೆ ಏನು ಮಾಡಬೇಕು ಎಂಬುದೇ ಇಂದಿನ ವಿಷಯ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ತನಿಖಾಧಿಕಾರಿಗೆ ಉತ್ತರ ಬರೆಯಲು ಕೂರುವ ಮೊದಲು ನಿಮ್ಮ ಕ್ಲೇಮನ್ನು ನೀವೇ, ಅದು ಬೇರೆ ಯಾರದೋ ಎಂಬಷ್ಟು ನಿಷ್ಠುರವಾಗಿ, ತನಿಖೆ ಮಾಡಿಕೊಳ್ಳಿ.

ಕಾನೂನಿನ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 2020ರ ಮಾರ್ಚ್ 27ರಂದು ಸಹಿಯಾದ ಕೇರ್ಸ್ ಕಾಯಿದೆಯಿಂದ ಈ ಕ್ರೆಡಿಟ್ ಹುಟ್ಟಿತು. 2020ಕ್ಕೆ ಒಬ್ಬ ನೌಕರನ ಇಡೀ ವರ್ಷದ ಸಂಬಳದಲ್ಲಿ 10,000 ಡಾಲರ್‌ವರೆಗೆ ಶೇ. 50, ಅಂದರೆ ಹೆಚ್ಚೆಂದರೆ 5,000 ಡಾಲರ್ ಸಿಗುತ್ತಿತ್ತು. 2021ರಲ್ಲಿ ಅದು ತ್ರೈಮಾಸಿಕಕ್ಕೆ 10,000 ಡಾಲರ್‌ವರೆಗಿನ ಸಂಬಳದ ಶೇ. 70 ಆಯಿತು, ಮೊದಲ ಮೂರು ತ್ರೈಮಾಸಿಕ ಸೇರಿದರೆ ತಲಾ 21,000 ಡಾಲರ್. ನಾಲ್ಕನೆಯ ತ್ರೈಮಾಸಿಕವನ್ನು 2021ರ ನವೆಂಬರ್‌ನಲ್ಲಿ ಬಂದ ಮೂಲಸೌಕರ್ಯ ಕಾಯಿದೆ, ಹೊಸದಾಗಿ ಆರಂಭವಾದ ಕೆಲವು ಉದ್ಯಮಗಳನ್ನು ಬಿಟ್ಟು, ಉಳಿದೆಲ್ಲರಿಗೂ ರದ್ದು ಮಾಡಿತು. ಮೊತ್ತ ಇಷ್ಟು ದೊಡ್ಡದಾದಾಗ ದಲ್ಲಾಳಿಗಳು ಬರದೇ ಇರುತ್ತಾರೆಯೇ? ರೇಡಿಯೋ ಜಾಹೀರಾತು, ದಿನಕ್ಕೆ ಹತ್ತು ಫೋನ್ ಕರೆ, ಬಂದ ಹಣದಲ್ಲಿ ಇಷ್ಟು ಪಾಲು ಎಂಬ ಕಮಿಷನ್ ಒಪ್ಪಂದ ಎಲ್ಲವೂ ನಡೆದವು. ಕ್ಲೇಮುಗಳ ಪ್ರವಾಹ ತಡೆಯಲಾರದೆ ಐಆರ್‌ಎಸ್ 2023ರ ಸೆಪ್ಟೆಂಬರ್ 14ರಂದು ಹೊಸ ಅರ್ಜಿಗಳ ಪರಿಶೀಲನೆಯನ್ನೇ ನಿಲ್ಲಿಸಿತು. 2024ರ ಜೂನ್‌ನಲ್ಲಿ, ಸುಮಾರು 86 ಶತಕೋಟಿ ಡಾಲರ್ ಮೊತ್ತದ ಹತ್ತು ಲಕ್ಷಕ್ಕೂ ಹೆಚ್ಚು ಕ್ಲೇಮುಗಳನ್ನು ನೋಡಿದ ಮೇಲೆ, ಅವುಗಳಲ್ಲಿ ಶೇ. 10ರಿಂದ 20ರಷ್ಟು ಅತ್ಯಂತ ಅಪಾಯದವು, ಇನ್ನೂ ಶೇ. 60ರಿಂದ 70ರಷ್ಟು ಒಪ್ಪಲಾಗದಷ್ಟು ಅನುಮಾನ ಹುಟ್ಟಿಸುವಂಥವು ಎಂದು ಅದು ಪ್ರಕಟಿಸಿತು. ಆದ್ದರಿಂದ ಪತ್ರ ಬಂದಾಕ್ಷಣ ನಿಮ್ಮ ಮೇಲೆ ಕಳ್ಳತನದ ಆರೋಪ ಬಂತೆಂದು ಎದೆಗುಂದಬೇಕಾಗಿಲ್ಲ. ಎಲ್ಲರಿಗೂ ಬರುತ್ತದೆ ಬಿಡು ಎಂದು ಅಸಡ್ಡೆ ಮಾಡುವಂತೆಯೂ ಇಲ್ಲ.

ಅರ್ಹತೆಗೆ ಎರಡು ದಾರಿಗಳಿದ್ದವು. ಸರ್ಕಾರದ ಆದೇಶದಿಂದ ಉದ್ಯಮ ಪೂರ್ತಿಯಾಗಿಯೋ ಭಾಗಶಃವೋ ನಿಂತಿರಬೇಕು. ಇಲ್ಲವೇ ವಹಿವಾಟು ಗಣನೀಯವಾಗಿ ಕುಸಿದಿರಬೇಕು. ಹೆಚ್ಚಿನ ಜಗಳಗಳು ಮೊದಲನೆಯ ದಾರಿಯಲ್ಲೇ ಇರುವುದರಿಂದ ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮವರ ಒಂದು ದೋಸೆ ಹೋಟೆಲು ಇದೆಯೆಂದು ಇಟ್ಟುಕೊಳ್ಳಿ. 2020ರ ಮಾರ್ಚ್ 16ರ ರಾತ್ರಿ 8 ಗಂಟೆಯಿಂದ ಗವರ್ನರರ 104ನೆಯ ಕಾರ್ಯನಿರ್ವಾಹಕ ಆದೇಶ ರಾಜ್ಯದ ಹೋಟೆಲುಗಳನ್ನು ಪಾರ್ಸೆಲ್ ಮತ್ತು ಡೆಲಿವರಿಗೆ ಸೀಮಿತಗೊಳಿಸಿತು. ಜೂನ್ 15ರಿಂದ ಹೊರಾಂಗಣದಲ್ಲಿ ಊಟ ಬಡಿಸಲು ಅನುಮತಿ ಸಿಕ್ಕಿತು. ಒಳಗೆ ಕುಳಿತು ಉಣ್ಣಲು ಸೆಪ್ಟೆಂಬರ್ 4ರಿಂದ ಅವಕಾಶವಾಯಿತು, ಅದೂ ಆಸನಗಳ ಕಾಲು ಭಾಗಕ್ಕೆ ಮಾತ್ರ. 2021ರ ಫೆಬ್ರವರಿಯಲ್ಲಿ ಶೇ. 35, ಮಾರ್ಚ್‌ನಲ್ಲಿ ಶೇ. 50 ಎಂದು ಮಿತಿ ಸಡಿಲವಾಗುತ್ತ ಹೋಗಿ ಮೇ ತಿಂಗಳಲ್ಲಿ ಶೇಕಡಾವಾರು ಮಿತಿಯೇ ಹೋಯಿತು. ಈ ಮಾಲೀಕರು ಮಾಡಬೇಕಾದ ಮೊದಲ ಕೆಲಸವೆಂದರೆ ಆದೇಶಗಳ ಪ್ರತಿಯನ್ನು ಸಂಖ್ಯೆ, ಜಾರಿಯಾದ ದಿನ, ಕೊನೆಗೊಂಡ ದಿನಗಳ ಸಮೇತ ಒಂದು ಪಟ್ಟಿಯಾಗಿ ಜೋಡಿಸಿ, ಪ್ರತಿಯೊಂದರ ಎದುರಿಗೆ ಹೋಟೆಲಿನ ಯಾವ ಭಾಗ ನಿಂತಿತು ಎಂದು ಬರೆಯುವುದು. ನಿಂತ ಭಾಗ ನಗಣ್ಯವಾಗಿರಬಾರದು ಎಂಬುದು ನಿಯಮ. 2019ರ ಅದೇ ತ್ರೈಮಾಸಿಕದ ವಹಿವಾಟಿನಲ್ಲಾಗಲಿ ನೌಕರರ ಕೆಲಸದ ಗಂಟೆಗಳಲ್ಲಾಗಲಿ ಶೇ. 10ಕ್ಕೆ ಕಡಿಮೆಯಿಲ್ಲದಷ್ಟು ಪಾಲು ಅದರದಾಗಿತ್ತೆಂದು ತೋರಿಸಬೇಕು. ಅದಕ್ಕೆ ಬೇಕಾಗುವುದು 2019ರ ಬಿಲ್ಲಿಂಗ್ ಯಂತ್ರದ ವರದಿ, ಒಳಗೆ ಕುಳಿತು ಉಂಡವರ ಬಿಲ್ಲು ಮತ್ತು ಪಾರ್ಸೆಲ್ ಬಿಲ್ಲು ಬೇರೆ ಬೇರೆಯಾಗಿ. ಆ ಯಂತ್ರವನ್ನು ನಡುವೆ ಬದಲಾಯಿಸಿದ್ದರೆ ಹಳೆಯ ಕಂಪನಿಯ ಸರ್ವರಿನಿಂದ ಮಾಹಿತಿ ತರಿಸಿಕೊಳ್ಳಲು ಇಂದೇ ಪತ್ರ ಬರೆಯಿರಿ. ಅದಕ್ಕೆ ಹಿಡಿಯುವ ಕಾಲ ನಿಮ್ಮ ಕೈಯಲ್ಲಿಲ್ಲ.

ಅದೇ ಹೋಟೆಲಿಗೆ 2021ರ ಮೂರನೆಯ ತ್ರೈಮಾಸಿಕಕ್ಕೂ ಆದೇಶದ ಆಧಾರದ ಮೇಲೆಯೇ ಕ್ಲೇಮು ಹಾಕಲಾಗಿದ್ದರೆ ಏನು ಗತಿ? ಜುಲೈ ಹೊತ್ತಿಗೆ ಅಂಥ ಆದೇಶವೇ ಉಳಿದಿರಲಿಲ್ಲವಾದ್ದರಿಂದ ವಹಿವಾಟಿನ ಕುಸಿತ ತೋರಿಸಲಾಗದಿದ್ದರೆ ಆ ತ್ರೈಮಾಸಿಕ ನಿಲ್ಲುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ: ಆದೇಶದ ದಾರಿಯಲ್ಲಿ ಹೋದವರಿಗೆ ಆದೇಶ ಜಾರಿಯಲ್ಲಿದ್ದ ದಿನಗಳ ಸಂಬಳ ಮಾತ್ರ ಲೆಕ್ಕಕ್ಕೆ ಬರುತ್ತದೆ, ಇಡೀ ತ್ರೈಮಾಸಿಕದ್ದಲ್ಲ. ಕಮಿಷನ್ನಿಗೆ ಕೆಲಸ ಮಾಡಿದವರು ಈ ದಿನಗಳ ಲೆಕ್ಕವನ್ನು ಕೈಬಿಟ್ಟು ಮೂರು ತಿಂಗಳನ್ನೂ ಸೇರಿಸಿಬಿಡುವುದು ತನಿಖೆಯಲ್ಲಿ ಸುಲಭವಾಗಿ ಸಿಕ್ಕಿಬೀಳುವ ತಪ್ಪು.

ಇದರ ಪಕ್ಕದಲ್ಲಿ ಸಾಫ್ಟ್‌ವೇರ್ ಕನ್ಸಲ್ಟಿಂಗ್ ಸಂಸ್ಥೆಯೊಂದನ್ನು ಇಟ್ಟು ನೋಡಿ. ಕಚೇರಿ ಮುಚ್ಚಿತು ನಿಜ, ಆದರೆ ಎಂಜಿನಿಯರುಗಳು ಮನೆಯಿಂದಲೇ ಅದೇ ಕೆಲಸ ಮಾಡಿದರು, ಗ್ರಾಹಕರಿಗೆ ಬಿಲ್ಲೂ ಹೋಯಿತು. ಹಾಗಿರುವಾಗ ಉದ್ಯಮ ನಿಂತಿತೆಂದು ಹೇಳಲು ಬರುವುದಿಲ್ಲ. ಸರಬರಾಜು ತಡವಾಯಿತು, ಕೆಲಸದ ಸ್ಥಳದ ಸುರಕ್ಷತೆಗೆ ಓಶಾ (ಅದನ್ನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ) ಸಲಹೆ ಕೊಟ್ಟಿತ್ತು ಎಂಬ ವಾದಗಳನ್ನೂ ಐಆರ್‌ಎಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಲಹೆ ಆದೇಶವಲ್ಲ, ಸರಬರಾಜಿನ ವಾದ ನಿಲ್ಲಬೇಕಾದರೆ ನಿಮ್ಮ ಸರಬರಾಜುದಾರನನ್ನು ಯಾವ ಆದೇಶ ನಿಲ್ಲಿಸಿತು, ಆ ಸಾಮಗ್ರಿ ಬೇರೆಲ್ಲೂ ಸಿಗಲಿಲ್ಲವೇಕೆ ಎಂಬುದಕ್ಕೆ ಕಾಗದ ಬೇಕು.

ವಹಿವಾಟಿನ ದಾರಿ ಅಂಕಿಗಳದ್ದು, ಆದ್ದರಿಂದ ಅಷ್ಟು ಕಷ್ಟವಲ್ಲ. 2020ರಲ್ಲಿ 2019ರ ಅದೇ ತ್ರೈಮಾಸಿಕದ ಶೇ. 50ಕ್ಕಿಂತ ಕೆಳಗೆ, 2021ರಲ್ಲಿ ಶೇ. 80ಕ್ಕಿಂತ ಕೆಳಗೆ ಇಳಿದಿರಬೇಕು. 2019ರ ಎರಡನೆಯ ತ್ರೈಮಾಸಿಕದಲ್ಲಿ 3,00,000 ಡಾಲರ್ ಇದ್ದದ್ದು 2020ರಲ್ಲಿ 1,30,000 ಆಗಿದ್ದರೆ ಅದು ಸುಮಾರು ಶೇ. 43, ಅರ್ಹತೆ ಆರಂಭವಾಯಿತು. ಮೂರನೆಯದರಲ್ಲಿ ಶೇ. 80 ದಾಟಿ ಚೇತರಿಸಿಕೊಂಡರೂ ಆ ತ್ರೈಮಾಸಿಕ ಒಳಗೇ ಇರುತ್ತದೆ, ಅರ್ಹತೆ ಮುಗಿಯುವುದು ನಾಲ್ಕನೆಯದರಿಂದ. ಒಬ್ಬರದೇ ಒಡೆತನದಲ್ಲಿ ಪೆಟ್ರೋಲ್ ಬಂಕು, ಮೋಟೆಲು, ಹೋಟೆಲು ಬೇರೆ ಬೇರೆ ಎಲ್‌ಎಲ್‌ಸಿ ಕಂಪನಿಗಳಾಗಿದ್ದರೂ ಇವನ್ನು ಒಂದೇ ಉದ್ಯಮವೆಂದು ಕೂಡಿಸಿ ಲೆಕ್ಕ ಹಾಕಬೇಕಾಗುತ್ತದೆ ಎಂಬುದನ್ನು ಮರೆತವರು ಬಹಳ. ಕೂಡಿಸಿದಾಗ ಕುಸಿತ ಮಾಯವಾಗಬಹುದು, ಪೂರ್ಣಾವಧಿ ನೌಕರರ ಸಂಖ್ಯೆಯೂ ಮಿತಿ ದಾಟಬಹುದು. 2020ಕ್ಕೆ 100, 2021ಕ್ಕೆ 500 ದಾಟಿದ ಉದ್ಯಮಗಳಿಗೆ ಕೆಲಸವಿಲ್ಲದೆ ಕೊಟ್ಟ ಸಂಬಳಕ್ಕೆ ಮಾತ್ರ ಕ್ರೆಡಿಟ್.

ಅರ್ಹತೆ ಗಟ್ಟಿಯಾದ ಮೇಲೆ ಸಂಬಳದ ಪಟ್ಟಿ. ಪಿಪಿಪಿ, ಅಂದರೆ ಸಂಬಳ ಕೊಡಲೆಂದು ಕೋವಿಡ್ ಕಾಲದಲ್ಲಿ ಸರ್ಕಾರದ ಯೋಜನೆಯಲ್ಲಿ ಸಿಕ್ಕ ಸಾಲದ ಮನ್ನಾಕ್ಕೆ ತೋರಿಸಿದ ಸಂಬಳವನ್ನೇ ಇಲ್ಲಿಯೂ ತೋರಿಸುವಂತಿಲ್ಲ. ಮನ್ನಾ ಅರ್ಜಿಯನ್ನೂ ಬಟವಾಡೆ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು, ಪ್ರತಿ ನೌಕರನ ಪ್ರತಿ ಬಟವಾಡೆಯ ಯಾವ ಡಾಲರ್ ಯಾವ ಕಡೆಗೆ ಹೋಯಿತೆಂದು ತೋರಿಸುವ ಒಂದು ತಖ್ತೆ ಸಿದ್ಧವಾಗಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಕಡತದಲ್ಲಿ ಇದಕ್ಕಿಂತ ಬೆಲೆಬಾಳುವ ಹಾಳೆ ಇನ್ನೊಂದಿಲ್ಲ. ಬಂಧುಗಳ ವಿಷಯ ಇನ್ನೂ ನಾಜೂಕು. ಅರ್ಧಕ್ಕಿಂತ ಹೆಚ್ಚು ಪಾಲಿರುವ ಮಾಲೀಕರ ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ, ತಂದೆತಾಯಿ, ಅತ್ತೆಮಾವ, ಭಾವಮೈದುನ ಇವರ ಸಂಬಳಕ್ಕೆ ಕ್ರೆಡಿಟ್ ಇಲ್ಲ. 2021ರ ಆಗಸ್ಟ್‌ನಲ್ಲಿ ಬಂದ ಐಆರ್‌ಎಸ್‌ನ 2021-49ನೆಯ ಸೂಚನೆಯ ಪ್ರಕಾರ, ಮಾಲೀಕರಿಗೆ ಅಂಥ ರಕ್ತಸಂಬಂಧಿಗಳು ಬದುಕಿದ್ದರೆ ಸ್ವತಃ ಮಾಲೀಕರ ಸಂಬಳಕ್ಕೂ ಸಾಮಾನ್ಯವಾಗಿ ಇಲ್ಲ. ಬಂಧುಬಳಗವಿಲ್ಲದ ಒಂಟಿ ಮಾಲೀಕನಿಗಷ್ಟೇ ಅನುಕೂಲವಾಗುವ ಈ ವಿಚಿತ್ರ ನಿಯಮ ನಮ್ಮಂಥ ತುಂಬು ಕುಟುಂಬದವರ ಹೋಟೆಲುಗಳಿಗೆ ನೇರವಾಗಿ ತಟ್ಟುತ್ತದೆ. ಸಮಾಧಾನಕ್ಕೆ ಒಂದು ಮಾತು: ಅದೇ ಸೂಚನೆ ಮಾಣಿಗಳ ಟಿಪ್ಸನ್ನು, ಅದು ಸಂಬಳವೆಂದು ಲೆಕ್ಕಕ್ಕೆ ಬಂದಿದ್ದರೆ, ಕ್ರೆಡಿಟ್‌ಗೂ ಪರಿಗಣಿಸಲು ಒಪ್ಪಿದೆ.

ಇಷ್ಟಾದ ಮೇಲೆ ಪತ್ರದ ಕಡೆಗೆ ಬರೋಣ. ತನಿಖೆ ಅಂಚೆಯ ಪತ್ರದಿಂದ ಆರಂಭವಾಗುತ್ತದೆ, ಫೋನ್ ಕರೆಯಿಂದಲ್ಲ; ಕರೆ ಮಾಡಿ ಬ್ಯಾಂಕ್ ವಿವರ ಕೇಳುವವರು ಮೋಸಗಾರರು. ಪತ್ರದಲ್ಲಿ ಯಾವ ತ್ರೈಮಾಸಿಕ, ಯಾವ ದಾಖಲೆ, ಯಾವ ಗಡುವು ಎಂಬುದಿರುತ್ತದೆ. ಕಾಲ ಸಾಲದಿದ್ದರೆ ಗಡುವಿಗೆ ಮುಂಚೆಯೇ ಬರಹದಲ್ಲಿ ಹೆಚ್ಚಿನ ಸಮಯ ಕೇಳಿ. 2848ನೆಯ ನಮೂನೆ ಸಲ್ಲಿಸಿದರೆ ನಿಮ್ಮ ಸಿಪಿಎ (ಪರವಾನಗಿ ಪಡೆದ ಲೆಕ್ಕಿಗರು), ಎನ್‌ರೋಲ್ಡ್ ಏಜೆಂಟ್ (ಐಆರ್‌ಎಸ್ ಮಾನ್ಯತೆ ಪಡೆದ ತೆರಿಗೆ ಪ್ರತಿನಿಧಿ) ಅಥವಾ ವಕೀಲರು ನಿಮ್ಮ ಪರವಾಗಿ ಮಾತನಾಡಬಹುದು. ಕೇಳಿದ್ದಕ್ಕೆ ಪೂರ್ತಿಯಾಗಿ ಉತ್ತರಿಸಿ, ಕೇಳದ ತ್ರೈಮಾಸಿಕದ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಬೇಡಿ. ಅಂದು ಇಲ್ಲದ ಕಾಗದವನ್ನು ಇಂದು ಹಿಂದಿನ ತಾರೀಖು ಹಾಕಿ ಹುಟ್ಟಿಸುವುದಂತೂ ಸಲ್ಲದು, ತಪ್ಪಿಗೆ ಶೇ. 20ರ ದಂಡವಿದ್ದರೆ ವಂಚನೆಗೆ ಶೇ. 75. ಸಂಖ್ಯೆಗಳನ್ನು ಯಾರಾದರೂ ಬೇಕೆಂದೇ ತಿದ್ದಿದ್ದಾರೆಂಬ ಅನುಮಾನ ನಿಮಗೇ ಬಂದರೆ ಲೆಕ್ಕಿಗರಿಗಿಂತ ಮೊದಲು ವಕೀಲರನ್ನು ಕಾಣಿ, ಏಕೆಂದರೆ ಕ್ರಿಮಿನಲ್ ವಿಚಾರಣೆಯಲ್ಲಿ ಲೆಕ್ಕಿಗರೊಡನೆ ಆಡಿದ ಮಾತಿಗೆ ಗೋಪ್ಯತೆಯ ರಕ್ಷಣೆಯಿಲ್ಲ. ನಿಮ್ಮ ಸಿಪಿಎ ಕಡತಗಳನ್ನು ಬೆಂಗಳೂರಿನ ಕಚೇರಿಯಲ್ಲಿ ಜೋಡಿಸುವವರಾದರೆ, ತೆರಿಗೆ ಮಾಹಿತಿಯನ್ನು ದೇಶದ ಹೊರಗೆ ಕಳುಹಿಸಲು ನಿಮ್ಮ ಲಿಖಿತ ಒಪ್ಪಿಗೆ ಪಡೆದಿದ್ದಾರೆಯೇ ಎಂದೂ ಕೇಳಿಕೊಳ್ಳಿ.

ದಲ್ಲಾಳಿ ಸಂಸ್ಥೆ ಕೊಟ್ಟ ದಪ್ಪನೆಯ ವರದಿಯೇ ನಿಮ್ಮ ರಕ್ಷಣೆ ಎಂದು ನಂಬಬೇಡಿ. ಪೇರೋಲ್ ತೆರಿಗೆಯ ರಿಟರ್ನನ್ನು ತಿದ್ದಿ ಈ ಕ್ರೆಡಿಟ್ ಕೇಳಿದ 941-ಎಕ್ಸ್ ನಮೂನೆಯ ಮೇಲೆ ರುಜು ಹಾಕಿದವರು ನೀವು, ಉತ್ತರ ಹೇಳಬೇಕಾದವರೂ ನೀವೇ. ಆ ವರದಿಯಲ್ಲಿ ನಿಮ್ಮ ಊರಿನ ಆದೇಶದ ಹೆಸರೂ ಇಲ್ಲದೆ ಮಹಾಮಾರಿಯ ಸಾಮಾನ್ಯ ವರ್ಣನೆಯೇ ತುಂಬಿದ್ದರೆ ಅದು ತನಿಖೆಯಲ್ಲಿ ನೆರವಿಗಿಂತ ತೊಡಕನ್ನೇ ಮಾಡೀತು. ಆದರೂ ಅವರೊಡನೆ ಆದ ಒಪ್ಪಂದ, ಮಿಂಚಂಚೆ, ಅವರಿಗೆ ಕೊಟ್ಟ ಶುಲ್ಕದ ರಸೀದಿ ಎಲ್ಲವನ್ನೂ ಉಳಿಸಿಕೊಳ್ಳಿ. ತಜ್ಞರನ್ನು ನಂಬಿ ನಡೆದೆನೆಂದು ದಂಡ ತಪ್ಪಿಸಿಕೊಳ್ಳುವ ವಾದಕ್ಕೆ ಅವು ಬೇಕಾಗುತ್ತವೆ. ಪಾಲಿನ ಮೇಲೆ ದುಡಿದವನ ಮಾತನ್ನು ನಂಬಿದ್ದು ವಿವೇಕವೇ ಎಂದು ಎದುರಿನವರು ಕೇಳುತ್ತಾರೆಂಬುದೂ ನೆನಪಿರಲಿ.

ನಿಮ್ಮ ಸ್ವಂತ ತನಿಖೆಯಲ್ಲಿ ಒಂದು ತ್ರೈಮಾಸಿಕ ಬಿದ್ದುಹೋದರೆ ಅದನ್ನು ಒಪ್ಪಿಕೊಂಡು ಉಳಿದವಕ್ಕಾಗಿ ವಾದಿಸುವುದೇ ಲೇಸು. ಶೇ. 80ರಷ್ಟು, ಆಮೇಲೆ ಶೇ. 85ರಷ್ಟು ಹಿಂದಿರುಗಿಸಿ ಬಿಡುಗಡೆ ಪಡೆಯುವ ಎರಡು ಸ್ವಯಂ ಘೋಷಣೆ ಯೋಜನೆಗಳು 2024ರ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಮುಗಿದಿವೆ. ಈಗ ಬಡ್ಡಿಯ ಸಮೇತ ಕಟ್ಟಬೇಕು, ಕಂತು ಕೇಳಬಹುದು. ಕಾಲ ಕಳೆದರೆ ತಾನಾಗಿ ತಣ್ಣಗಾಗುತ್ತದೆಂಬ ಎಣಿಕೆ ಬೇಡ: 2025ರ ಜುಲೈ 4ರಂದು ಸಹಿಯಾದ ಕಾನೂನು 2021ರ ಉತ್ತರಾರ್ಧದ ಕ್ಲೇಮುಗಳ ಮೇಲೆ ತೆರಿಗೆ ವಿಧಿಸುವ ಅವಧಿಯನ್ನು ಆರು ವರ್ಷಕ್ಕೆ ವಿಸ್ತರಿಸಿದೆ, 2024ರ ಜನವರಿ 31ರ ನಂತರ ಸಲ್ಲಿಸಿದ ಅಂಥ ಕ್ಲೇಮುಗಳಿಗೆ ಹಣ ಕೊಡುವುದನ್ನೇ ತಡೆದಿದೆ.

ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಐಆರ್‌ಎಸ್‌ನದೇ ಅಪೀಲು ಕಚೇರಿಗೆ ಹೋಗಬಹುದು. ಪತ್ರದಲ್ಲಿ ಸಾಮಾನ್ಯವಾಗಿ 30 ದಿನಗಳ ಕಾಲ ಕೊಟ್ಟಿರುತ್ತಾರೆ. ಕ್ಲೇಮನ್ನು ನಿರಾಕರಿಸಿದ ಪತ್ರ ಬಂದಿದ್ದರೆ ಆ ದಿನಾಂಕದಿಂದ ಎರಡು ವರ್ಷದೊಳಗೆ ಜಿಲ್ಲಾ ನ್ಯಾಯಾಲಯದಲ್ಲೋ ಫೆಡರಲ್ ಕ್ಲೇಮ್ಸ್ ನ್ಯಾಯಾಲಯದಲ್ಲೋ ದಾವೆ ಹೂಡಬೇಕು. ಅಪೀಲು ನಡೆಯುತ್ತಿದೆ ಎಂದಮಾತ್ರಕ್ಕೆ ಈ ಎರಡು ವರ್ಷ ನಿಲ್ಲುವುದಿಲ್ಲ. ಅವಧಿ ಮುಗಿಯುವ ಮೊದಲು 907ನೆಯ ನಮೂನೆಗೆ ನೀವೂ ಐಆರ್‌ಎಸ್ಸೂ ಸಹಿ ಹಾಕಿದ್ದರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ. ಇನ್ನು ಆದಾಯ ತೆರಿಗೆಯ ಕಡೆ. ಕ್ರೆಡಿಟ್ ಬರುತ್ತದೆಂದು ಸಂಬಳದ ಖರ್ಚನ್ನು ಆಗಲೇ ಕಡಿಮೆ ತೋರಿಸಿ, ಕೊನೆಗೆ ಕ್ರೆಡಿಟ್ ನಿರಾಕರಣೆಯಾದವರು, ನಿರಾಕರಣೆ ಅಂತಿಮವಾದ ವರ್ಷದ ರಿಟರ್ನಿನಲ್ಲಿ ಅಷ್ಟು ಖರ್ಚನ್ನು ಮತ್ತೆ ತೋರಿಸಿಕೊಳ್ಳಬಹುದೆಂದು 2025ರ ಮಾರ್ಚ್‌ನಲ್ಲಿ ಐಆರ್‌ಎಸ್ ಸ್ಪಷ್ಟಪಡಿಸಿದೆ. ಪೇರೋಲ್ ನೋಡುವವರು ಒಬ್ಬರು, ಆದಾಯ ತೆರಿಗೆ ನೋಡುವವರು ಇನ್ನೊಬ್ಬರು ಆಗಿದ್ದರೆ, ನಿರಾಕರಣೆಯ ಪತ್ರದ ಪ್ರತಿ ಆ ಎರಡನೆಯವರ ಕೈಗೂ ಅದೇ ವಾರ ತಲುಪಬೇಕು.